ಮಾವ ಕುಳಿತ ಲೆಕ್ಕ

ಕಡಲ ದಂಡೆಯ ಮೇಲೆ ಬಿದ್ದಿರುವ ಒಂಟಿ ಚಪ್ಪಲಿಗಳಲ್ಲಿ ಎಡಗಾಲಿನವೇ ಹೆಚ್ಚು. ಇದನ್ನು ನಾನು ಊಹೆಯಿಂದ ಹೇಳುತ್ತಿಲ್ಲ, ಎಣಿಸಿ ಹೇಳುತ್ತಿದ್ದೇನೆ. ಈ ನವೆಂಬರಿನಿಂದ ಫೆಬ್ರುವರಿಯವರೆಗೆ ಅಂಕೋಲೆಗೂ ಕಾರವಾರದ ಆಚೆಗೂ ನಡುವೆ ನೋಡಿದ ಒಂಬತ್ತು ದಂಡೆಗಳಲ್ಲಿ ಎಡಗಾಲಿನವು ಮೂವತ್ತೊಂದು, ಬಲಗಾಲಿನವು ಹತ್ತೊಂಬತ್ತು. ಕಾರಣ ಗೊತ್ತಿಲ್ಲ. ಕಾರಣ ಬರೆಯಲು ನನ್ನ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಆ ಒಂದು ಕೊರತೆಯಿಂದಾಗಿ ನಮ್ಮ ಮಾವನ ತಿರುಗಾಟವೇ ನಿಂತುಹೋಗುವುದರಲ್ಲಿತ್ತು.

ಎಣಿಸುವ ಚಟ ನನಗೆ ಅಪ್ಪನಿಂದ ಬಂದದ್ದು. ಅವರು ಕದ್ರಾದ ಅಣೆಕಟ್ಟೆಯಲ್ಲಿ ನೀರಿನ ಮಟ್ಟ ಬರೆಯುವವರು. ಮನೆಯಲ್ಲೂ ಅದೇ ಕಣ್ಣು. ಊಟಕ್ಕೆ ಕೂತರೆ, "ಸಾರು ನಿನ್ನೆಗಿಂತ ಎರಡು ಬೆರಳು ಕಮ್ಮಿ ಅದೆ" ಎನ್ನುತ್ತಾರೆ. ಅಮ್ಮ ಸೌಟನ್ನು ಸ್ವಲ್ಪ ಜೋರಾಗಿ ಇಡುತ್ತಾಳೆ. ಇಂಥ ಮನೆಯಲ್ಲಿ ಬೆಳೆದವಳು ಅಂಕೋಲೆಯ ಪ್ರೌಢಶಾಲೆಯೊಂದರಲ್ಲಿ ತಾತ್ಕಾಲಿಕ ವಿಜ್ಞಾನ ಶಿಕ್ಷಕಿಯಾಗಿ, ಬೊಬ್ರುವಾಡದಲ್ಲಿ ಅಮ್ಮನ ಅಣ್ಣನ ಮನೆಯಲ್ಲಿ ಉಳಿದುಕೊಂಡರೆ ಜೊತೆಗೆ ಇನ್ನೂರು ಪುಟದ ನೋಟ್‌ಬುಕ್ ಬಾರದೆ ಇರುತ್ತದೆಯೇ?

ಮಾವ ಆಗಷ್ಟೇ ನಿವೃತ್ತರಾಗಿದ್ದರು. ಹದಿನೆಂಟು ವರ್ಷ ಕಾರವಾರದಿಂದ ಕೈಗಾದ ಅಣುಸ್ಥಾವರಕ್ಕೆ ಕೆಲಸಗಾರರ ಬಸ್ಸು ಓಡಿಸಿದವರು. ಕಾಳಿ ನದಿಯ ಪಕ್ಕದಲ್ಲೇ ರಸ್ತೆ, ಆಮೇಲೆ ಕಾಡು. ಪ್ರವಾಸಿಗರು ಆ ದಾರಿ ನೋಡಲೆಂದೇ ಬರುತ್ತಾರೆ. ಮಾವ ನೋಡಿದ್ದು ಡಾಂಬರು ಮಾತ್ರ. ಕದ್ರಾ ದಾಟಿದ ಮೇಲೆ ಒಂದು ತಿರುವಿನಲ್ಲಿ ದೊಡ್ಡ ಅತ್ತಿಮರವಿತ್ತಂತೆ. ಹಣ್ಣಿನ ಕಾಲದಲ್ಲಿ ಅದರ ಮೇಲೆ ಮಂಗಟ್ಟೆ ಹಕ್ಕಿಗಳು ಬಂದು ಕೂರುತ್ತಿದ್ದವಂತೆ. ಹಿಂದಿನ ಸೀಟಿನವರು "ಅದೋ, ಅದೋ, ಎರಡು ಅವೆ" ಎಂದು ಕೂಗುತ್ತಿದ್ದರಂತೆ. ತಿರುವು ಕಡಿದಾದದ್ದರಿಂದ ಮಾವ ತಲೆ ಎತ್ತುವ ಹಾಗಿಲ್ಲ, ಪಾಳಿಯ ಹೊತ್ತಿಗೆ ಮುಟ್ಟಬೇಕಾದ್ದರಿಂದ ನಿಲ್ಲಿಸುವ ಹಾಗೂ ಇಲ್ಲ.

"ಹದಿನೆಂಟು ವರ್ಷ ಮಂಗಟ್ಟೆ ಕಂಡದ್ದು ಕಿವಿಯಲ್ಲಿ" ಎಂದು ಅವರು ನನಗೆ ಹೇಳಿದರು. "ಡ್ರೈವರ್ ಅಂದ್ರೆ ಹಂಗೇ ತಂಗೀ. ಎಲ್ಲಾರ್ನೂ ನೋಡೂ ಜಾಗಕ್ಕೆ ಮುಟ್ಸೂದು, ತಾನು ಗಡಿಯಾರ ನೋಡೂದು."

ಹೀಗಾಗಿ ನಿವೃತ್ತಿಯ ನಂತರ ಅವರಿಗೆ ಒಂದೇ ಆಸೆ ಇತ್ತು: ದಾಟಿಹೋದ ಜಾಗಗಳಲ್ಲಿ ಇಳಿಯಬೇಕು. ಕಾಡಿಗೆ ಮಂಡಿ ಒಪ್ಪಲಿಲ್ಲ. ಸಮುದ್ರದ ಬದಿಯಿಂದ ಶುರುಮಾಡೋಣ ಎಂದರು. ಮೊದಲ ಭಾನುವಾರ ಕೋಡಿಬಾಗಕ್ಕೆ ಹೋದೆವು. ಇಷ್ಟು ವರ್ಷ ಪಕ್ಕದಲ್ಲೇ ಓಡಿದ ಕಾಳಿ ಕೊನೆಗೆ ಹೇಗೆ ಸಮುದ್ರ ಸೇರುತ್ತದೆಂದು ಇಳಿದು ನೋಡಬೇಕಿತ್ತಂತೆ. ನೋಡಿದರು. "ಓಹೋ, ಇಲ್ಲಿಗಾ" ಎಂದರು. ಹಳೆಯ ಪ್ರಯಾಣಿಕನೊಬ್ಬ ಯಾವ ಸ್ಟಾಪಿನಲ್ಲಿ ಇಳಿಯುತ್ತಾನೆಂದು ಕೊನೆಗೂ ಗೊತ್ತಾದ ಹಾಗೆ.

ನನ್ನ ಪುಸ್ತಕದಲ್ಲಿ ಅಂದೇ ಗೆರೆ ಎಳೆದೆ. ದಿನಾಂಕ, ದಂಡೆ, ಹೊರಟದ್ದು, ಮರಳಿದ್ದು, ಉಬ್ಬರವೋ ಇಳಿತವೋ, ಕಂಡ ಹಕ್ಕಿ, ನೂರು ಹೆಜ್ಜೆಯೊಳಗೆ ಸಿಕ್ಕ ಕಸ. ಶುಚಿಯಾದ ದಂಡೆ ಎಂದು ಎಲ್ಲರೂ ಹೇಳುತ್ತಾರೆ, ಎಷ್ಟು ಶುಚಿ ಎಂದರೆ ಯಾರಿಗೂ ಗೊತ್ತಿಲ್ಲ. ನಾನು ಅದಕ್ಕೆ ನೂರು ಹೆಜ್ಜೆಯ ಅಳತೆ ಮಾಡಿದೆ. ಹತ್ತರ ಒಳಗಿದ್ದರೆ ಶುಚಿ, ಮೂವತ್ತರ ಒಳಗಿದ್ದರೆ ಅಡ್ಡಿಯಿಲ್ಲ, ಅದರ ಮೇಲಾದರೆ ಹಿಂದಿನ ದಿನ ಯಾವುದೋ ಊರಿನ ಪ್ರವಾಸಿ ಬಸ್ಸು ಬಂದುಹೋಗಿದೆ ಎಂದರ್ಥ. ಶಾಲೆಯ ಮಕ್ಕಳಿಗೂ ಈ ವಿಧಾನ ಹೇಳಿಕೊಟ್ಟೆ. ಅವರು ಶಾಲೆಯ ಅಂಗಳವನ್ನೇ ಅಳೆದು ನಲವತ್ತೆರಡು ಎಂದು ಕರಿಹಲಗೆಯ ಮೇಲೆ ಬರೆದರು. ಮುಖ್ಯೋಪಾಧ್ಯಾಯರು ನನ್ನ ಜೊತೆ ಎರಡು ದಿನ ಮಾತನಾಡಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಸರಿಯಿತ್ತು. ಅಂಚಿನಲ್ಲಿ ಸ್ವಲ್ಪ ಜಾಗ ಉಳಿದಿತ್ತು. ಖಾಲಿ ಜಾಗ ಕಂಡರೆ ನನಗೆ ಸುಮ್ಮನಿರಲಾಗುವುದಿಲ್ಲ. ಇನ್ನೊಂದು ಗೆರೆ ಎಳೆದು, ತಲೆಬರಹದಲ್ಲಿ "ಮಾವ ಕುಳಿತದ್ದು" ಎಂದು ಬರೆದೆ.

ಕೋಡಿಬಾಗದಲ್ಲಿ ಎರಡು ಸಲ. ನದಿಬಾಗದಲ್ಲಿ ಮೂರು. ಬೇಲೇಕೇರಿಯಲ್ಲಿ ನಾಲ್ಕು. ವಾರ ಹೋದಂತೆ ಸಂಖ್ಯೆ ಏರುತ್ತಿತ್ತು. ಹಾರವಾಡದಲ್ಲಿ ಒಂದೇ ಕಡೆ ಅರ್ಧ ಗಂಟೆ ಕೂತರು. ಇಳಿತದ ಹೊತ್ತು. ಬೆರಳುಗುರಿನಷ್ಟು ಏಡಿಗಳು ಒದ್ದೆ ಮರಳನ್ನು ಸಾಸಿವೆ ಗಾತ್ರದ ಉಂಡೆ ಮಾಡಿ ತೂತಿನ ಸುತ್ತ ಸಾಲಾಗಿ ಇಡುತ್ತಿದ್ದವು. ನಾನು ಉಂಡೆಗಳನ್ನು ಎಣಿಸಲು ಹೋಗಿ ಇನ್ನೂರರ ಹತ್ತಿರ ಸೋತೆ. ಮಾವ ಎಣಿಸಲಿಲ್ಲ. ಒಂದು ಏಡಿಯನ್ನೇ ನೋಡುತ್ತ, "ಇದ್ಕೆ ದಿನಕ್ಕೆರಡು ಸಲ ಎಲ್ಲಾ ಅಳಿಸಿಹೋಗ್ತದೆ. ಆದ್ರೂ ಸಾಲು ತಪ್ಪೂದಿಲ್ಲ ನೋಡು" ಎಂದರು. ನಾನು ಪುಸ್ತಕ ತೆಗೆದು ಬರೆದೆ: ಕುಳಿತದ್ದು, ಆರನೆಯ ಸಲ.

ಜನವರಿಯಲ್ಲಿ ಕೇಣಿಗೆ ಹೋದಾಗ ಮಾವ ಪಾಚಿಗಲ್ಲಿನ ಮೇಲೆ ಜಾರಿದರು. ದೊಡ್ಡದೇನಲ್ಲ, ಮಂಡಿ ತರಚಿತು. ಆ ದಿನ ಒಂಬತ್ತು ಸಲ ಕೂತರು. ಮರುದಿನ ನಾನು ಶಾಲೆಗೆ ಹೋಗುವ ಅವಸರದಲ್ಲಿ ಪುಸ್ತಕವನ್ನು ಕಿಟಕಿಯಲ್ಲಿ ಬಿಟ್ಟು ಹೋದೆ. ಸಂಜೆ ಬಂದಾಗ ಅದು ಅತ್ತೆಯ ಮಡಿಲಲ್ಲಿತ್ತು.

"ಇದ್ ಯಾರ ಅಕ್ಷರ? ನಿಂದೇ ಅಲ್ದಾ?" ಎಂದರು ಅತ್ತೆ. "ಎರಡು, ಮೂರು, ನಾಲ್ಕು, ಆರು, ಒಂಬತ್ತು. ನಾನು ಏಳ್ನೇ ಕ್ಲಾಸ್ ಕಲ್ತವ್ಳು, ನಂಗೂ ಓದೂಕೆ ಬರ್ತದೆ. ಇನ್ನು ಎಲ್ಲೂ ಬೇಡ. ಆ ತಿಳ್ಮಾತಿ ಗುಡ್ಡ ಅಂತೂ ಬೇಡವೇ ಬೇಡ."

ತಿಳ್ಮಾತಿ ಮಾಜಾಳಿಯ ಆಚೆ, ಗುಡ್ಡ ಹತ್ತಿ ಇಳಿದರೆ ಸಿಗುವ ಸಣ್ಣ ದಂಡೆ. ಅಲ್ಲಿನ ಮರಳು ಎಳ್ಳಿನಂತೆ ಕಪ್ಪು. ವಾಹನ ಹೋಗುವುದಿಲ್ಲ. ವಾಹನ ಹೋಗದ ಜಾಗ ಎಂಬ ಕಾರಣಕ್ಕೇ ಮಾವ ಮೊದಲಿನಿಂದ ಅದನ್ನು ಕೊನೆಗೆಂದು ಕಾದಿರಿಸಿದ್ದರು.

"ಕೂತದ್ದು ಸುಸ್ತಾಗಿ ಅಲ್ಲ ಅತ್ತೆ, ನೋಡೂಕೆ" ಎಂದೆ.

"ಹಂಗಂತ ಎಲ್ಲಿ ಬರ್ದಿದ್ದೀ? ತೋರ್ಸು."

ಕಾರಣಕ್ಕೆಂದು ನಾನು ಗೆರೆಯನ್ನೇ ಎಳೆದಿರಲಿಲ್ಲ.

"ಗುಡ್ಡದ ಆಚೆ ಬಿದ್ರೆ ಹೊತ್ಕಂಡ್ ಬರೂದು ಯಾರು? ನೀನಾ, ನಿನ್ನ ಪುಸ್ತಕಾನಾ?"

ಮಾವ ವಾದ ಮಾಡಲಿಲ್ಲ. ಹದಿನೆಂಟು ವರ್ಷ ಮೇಲಿನವರ ವೇಳಾಪಟ್ಟಿಗೆ ತಲೆಯಾಡಿಸಿದವರು. ಮರುವಾರದಿಂದ ಜಗಲಿಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂತರು. ಬೆಳಿಗ್ಗೆ ಏಳರಿಂದ ಮಧ್ಯಾಹ್ನದವರೆಗೆ ಒಂದೇ ಸಲ ಕೂತದ್ದು. ನನ್ನ ಲೆಕ್ಕದ ಪ್ರಕಾರ ಇದಕ್ಕಿಂತ ಒಳ್ಳೆಯ ಆರೋಗ್ಯ ಇನ್ನೊಂದಿಲ್ಲ. ಅವರ ಮುಖ ನೋಡಿದರೆ ಮಾತ್ರ ಹಾಗೆ ಅನಿಸುತ್ತಿರಲಿಲ್ಲ.

ನಾನು ಆ ದಿನಗಳಲ್ಲಿ ಕೂರುವುದರ ಬಗ್ಗೆ ಬಹಳ ಯೋಚಿಸಿದೆ. ಘಟ್ಟದ ಹಳೆಯ ಕಾಲುದಾರಿಗಳಲ್ಲಿ ಅಲ್ಲಲ್ಲಿ ಎದೆಮಟ್ಟದ ಕಲ್ಲಿನ ಕಟ್ಟೆಗಳು ಇನ್ನೂ ಇವೆ. ತಲೆಹೊರೆಯವರು ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಿ ದಣಿವಾರಿಸಿಕೊಳ್ಳಲೆಂದು ಕಟ್ಟಿದವು. ದಾರಿ ಮಾಡಿದವರೇ ನಿಲ್ಲುವುದನ್ನೂ ದಾರಿಯ ಭಾಗವೆಂದು ಮಾಡಿಟ್ಟಿದ್ದರು. ಈಗಿನ ರಸ್ತೆಗಳಲ್ಲಿ ಕಿಲೋಮೀಟರಿನ ಕಲ್ಲುಗಳಿವೆ. ಎಷ್ಟು ದೂರ ಬಂದೆವೆಂದು ಹೇಳುತ್ತವೆ, ಕೂರಲು ಬರುವುದಿಲ್ಲ. ನನ್ನ ಪುಸ್ತಕವೂ ಆ ಜಾತಿಯದು. ಒಂಬತ್ತು ಎಂದು ಬರೆದೆ. ಅದರಲ್ಲಿ ಮಂಡಿಯ ಪಾಲು ಎಷ್ಟು, ಏಡಿಯ ಪಾಲು ಎಷ್ಟು ಎಂದು ಕೇಳಿದರೆ ಮಾವನೂ ಹೇಳಲಾರರು. ಮಂಡಿ ನೋಯುತ್ತದೆ ಎಂದು ಕೂತವರಿಗೆ ಏಡಿ ಕಂಡಿರಬಹುದು. ಏಡಿ ಕಂಡಿತೆಂದು ಕೂತವರಿಗೆ ಮಂಡಿ ನೆನಪಾಗಿರಬಹುದು.

ಮೂರು ಭಾನುವಾರ ಹೀಗೆ ಕಳೆದ ಮೇಲೆ, ಮೀನು ತೊಳೆಯುತ್ತಿದ್ದ ಅತ್ತೆಯ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಅವರು ಕೈಯಲ್ಲಿದ್ದ ಮೀನನ್ನು ತೊಳೆದು ಮುಗಿಸಿ, "ತಿಳ್ಮಾತಿಗೆ ನಾನೂ ಬರ್ತೆ" ಎಂದರು. "ನಾಲ್ಕು ಸಲ ಕೂರ್ಲಿ. ಐದ್ನೇ ಸಲ ಕೂತ್ರೆ ಅಲ್ಲಿಂದ್ಲೇ ವಾಪಾಸು. ಆಮೇಲೆ ತಿರ್ಗಾಟದ ಸುದ್ದಿ ಎತ್ತೂಕಿಲ್ಲ." ಮಾವ ಜಗಲಿಯಿಂದಲೇ ಒಪ್ಪಿದರು.

ಫೆಬ್ರುವರಿಯ ಎರಡನೆಯ ಭಾನುವಾರ ಮೊದಲ ಬಸ್ಸಿಗೆ ಹೊರಟೆವು. ಅತ್ತೆಯ ಚೀಲದಲ್ಲಿ ಅವಲಕ್ಕಿ, ಫ್ಲಾಸ್ಕಿನಲ್ಲಿ ಚಹಾ, ಮತ್ತೆ ಮಂಡಿಗೆ ಕಟ್ಟುವ ಪಟ್ಟಿ. ಮಾಜಾಳಿಯಲ್ಲಿ ಮೀನು ಒಣಹಾಕುತ್ತಿದ್ದ ಮುದುಕಿಯೊಬ್ಬಳು ಗುಡ್ಡದ ದಾರಿ ತೋರಿಸಿ, "ಸವಕಾಸ ವಚಾ" ಎಂದಳು. ಸಾವಕಾಶವಾಗಿ ಹೋಗಿ ಎಂದು. ಅಷ್ಟರಲ್ಲಿ ಮಾವ ಇಪ್ಪತ್ತು ಹೆಜ್ಜೆ ಮುಂದಿದ್ದರು.

ಅವರು ಹತ್ತಿದ ರೀತಿಯನ್ನು ನಾನು ಮರೆಯಲಾರೆ. ಎಡಕ್ಕೆ ಮರಗಳ ಸಂದಿಯಲ್ಲಿ ಸಮುದ್ರ ಕಾಣುತ್ತಿತ್ತು. ಅವರು ಅತ್ತ ತಿರುಗಲಿಲ್ಲ. ಕಣ್ಣು ದಾರಿಯ ಮೇಲೆ, ಎರಡೂ ಕೈ ಸ್ವಲ್ಪ ಮುಂದಕ್ಕೆ, ಅಂಗಿ ಬೆನ್ನಿಗೆ ಅಂಟಿದೆ. ನಾಲ್ಕು ಸಲದಲ್ಲಿ ಒಂದನ್ನೂ ಅವರು ಖರ್ಚು ಮಾಡಲಿಲ್ಲ. ಗುಡ್ಡದ ಅರ್ಧದಲ್ಲಿ ಒಂದು ಎತ್ತರದ ಮರ, ಅದರ ತುದಿಯಲ್ಲಿ ಕಡಲ ಹದ್ದಿನ ಗೂಡು. ಬಿಳಿ ಎದೆಯ ದೊಡ್ಡ ಹಕ್ಕಿ ಅಂಚಿನಲ್ಲೇ ನಿಂತಿತ್ತು.

"ಮಾವಾ, ಮೇಲೆ ನೋಡಿ, ಹದ್ದು" ಎಂದೆ.

ಅವರು ನಿಲ್ಲಲಿಲ್ಲ. ಹಿಂದೆ ತಿರುಗಲೂ ಇಲ್ಲ. "ನೀವ್ ನೋಡಿ, ಆಮೇಲೆ ಹೇಳಿ ನಂಗೆ" ಎಂದರು.

ನನ್ನ ಕಾಲು ನಿಂತಿತು. ಅವರು ಮತ್ತೆ ಬಸ್ಸು ಓಡಿಸುತ್ತಿದ್ದರು. ಪಾಳಿಯ ಹೊತ್ತಿಗೆ ನಮ್ಮನ್ನು ಮುಟ್ಟಿಸಲು ಹೊರಟಿದ್ದರು. ವೇಳಾಪಟ್ಟಿ ಬರೆದವಳು ನಾನು.

ಅತ್ತೆ ಆ ಬಸ್ಸಿನಲ್ಲಿ ಒಮ್ಮೆಯೂ ಕೂತವರಲ್ಲ. ಆದರೆ ಮಂಗಟ್ಟೆಯ ಕತೆ ಅವರಿಗೂ ಗೊತ್ತು. ಅವರು ಒಂದು ಕ್ಷಣ ಗಂಡನ ಬೆನ್ನು ನೋಡಿದರು. ಆಮೇಲೆ ದಾರಿಯ ಪಕ್ಕದ ಕಲ್ಲಿನ ಮೇಲೆ ಚೀಲ ಇಟ್ಟು, ಪಕ್ಕದಲ್ಲಿ ತಾವೂ ಕೂತರು.

"ಹೇಳಿದ್ದು ಕೇಳ್ತಾ? ನಂಗೆ ಕಾಲು ನೋಯ್ತದೆ. ಇಲ್ಲಿ ಬನ್ನಿ."

"ನಂಗೇನೂ ಆಗ್ಲಿಲ್ಲ" ಎಂದರು ಮಾವ, ಏದುಸಿರಿನಲ್ಲಿ.

"ನಿಮ್ಗೆ ಆಗಿದೆ ಅಂತ ಯಾರ್ ಹೇಳ್ದ್ರು? ಕೂತದ್ದು ನಾನು. ಕಾಡಲ್ಲಿ ಹೆಂಗಸನ್ನ ಒಬ್ಳೇ ಕೂರಿಸ್ತ್ರಾ? ತಂಗೀ, ಬರ್ಕೊ. ನನ್ನ ಹೆಸರಲ್ಲಿ ಒಂದು."

ಮಾವ ಮರಳಿ ಬಂದು ಕೂತರು. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ತಲೆ ಎತ್ತಿದರು. ಹದ್ದು ಇನ್ನೂ ಅಲ್ಲೇ ಇತ್ತು. ಅದು ರೆಕ್ಕೆ ಬಿಚ್ಚಿ, ಗುಡ್ಡದ ಅಂಚು ದಾಟಿ, ನೀರಿನ ಮೇಲೆ ಸಣ್ಣದಾಗುವವರೆಗೂ ನೋಡಿದರು. ನಾನು ಎಷ್ಟು ನಿಮಿಷ ಎಂದು ಬರೆದುಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಅತ್ತೆಯ ಕಾಲು ವಿಚಿತ್ರ ರೀತಿಯಲ್ಲಿ ನೋಯತೊಡಗಿತು. ಸಮುದ್ರ ಚೆನ್ನಾಗಿ ಕಾಣುವ ಜಾಗ ಬಂದಾಗ ನೋವು. ಮಾವ ದೋಣಿಯೊಂದರ ಕಡೆ ಕಣ್ಣು ಹಾಯಿಸಿದಾಗ ನೋವು. ತಿಳ್ಮಾತಿಗೆ ಇಳಿದ ಮೇಲಂತೂ ಹತ್ತು ಹೆಜ್ಜೆಗೊಂದು. ಅತ್ತೆ ಕಪ್ಪು ಮರಳನ್ನು ಅಂಗೈಯಲ್ಲಿ ಹಿಡಿದು, "ಹುರಿದ್ರೆ ಲಾಡು ಕಟ್ಟಬಹುದು" ಎಂದರು. ಮಾವ, "ಹಲ್ಲು ಇದ್ದವ್ರು ತಿನ್ಲಿ" ಎಂದರು. ನೂರು ಹೆಜ್ಜೆಯಲ್ಲಿ ಸಿಕ್ಕ ಕಸ ಎರಡೇ: ಒಂದು ಬಾಟಲಿಯ ಮುಚ್ಚಳ, ಒಂದು ಚಪ್ಪಲಿ. ಎಡಗಾಲಿನದು.

ಮನೆಗೆ ಬಂದು ಬರೆದೆ. ಮಾವ ಕುಳಿತದ್ದು: ಸೊನ್ನೆ. ಅತ್ತೆ ಕುಳಿತದ್ದು: ಹನ್ನೊಂದು. ಬರೆದು ಅದನ್ನೇ ನೋಡುತ್ತ ಇದ್ದಾಗ ಅಪ್ಪನ ರಿಜಿಸ್ಟರು ನೆನಪಾಯಿತು. ಹರಿದು ಬಂದ ಕಾಳಿ ಕದ್ರಾದಲ್ಲಿ ಬಂದು ಕೂರುತ್ತದೆ. ಅಪ್ಪ ಇಪ್ಪತ್ತು ವರ್ಷಕ್ಕೂ ಮೀರಿ ಅದನ್ನು ಬರೆಯುತ್ತಿದ್ದಾರೆ. ನದಿಗೆ ಸುಸ್ತಾಯಿತು ಎಂದು ಒಂದು ದಿನವೂ ಬರೆದಿಲ್ಲ. ಎಷ್ಟು ತುಂಬಿತು ಎಂದು ಬರೆಯುತ್ತಾರೆ.

ಮರುದಿನ ಶಾಲೆಗೆ ಹೋಗುವಾಗ ಪುಸ್ತಕವನ್ನು ಕಿಟಕಿಯಲ್ಲಿ, ಈ ಸಲ ಬೇಕೆಂದೇ, ತೆರೆದಿಟ್ಟು ಹೋದೆ. ಸಂಜೆ ಬಂದಾಗ ಅತ್ತೆ ಒಲೆಯ ಮುಂದಿದ್ದರು. ತಿರುಗದೆಯೇ ಹೇಳಿದರು:

"ಹನ್ನೊಂದಲ್ಲ ತಂಗೀ, ಹನ್ನೆರಡು. ಇಳಿಯೂ ಹೊತ್ತಿಗೆ ದೋಣಿ ನೋಡ್ಕಂತ ಕೂತದ್ದು ಬಿಟ್ಟಿದ್ದೀ."

ಪುಸ್ತಕ ತೆಗೆದು ನೋಡಿದೆ. ಹನ್ನೊಂದನ್ನು ಹೊಡೆದು, ಪಕ್ಕದಲ್ಲಿ ಏಳನೆಯ ತರಗತಿಯ ದುಂಡನೆಯ ಅಕ್ಷರದಲ್ಲಿ ಹನ್ನೆರಡು ಎಂದು ಆಗಲೇ ಬರೆದಿತ್ತು. ಕೆಳಗಿನ ಖಾಲಿ ಸಾಲಿನಲ್ಲಿ ಮುಂದಿನ ಭಾನುವಾರದ ದಿನಾಂಕ.