ಒಂಬತ್ತು ಮರಿ, ಐದು ಹುಂಜ

ಮದುವೆಯಾಗಿ ಮುಂಬಯಿಗೆ ಬಂದಾಗ ವಿನೋದಿನಿಗೆ ಎಲ್ಲಕ್ಕಿಂತ ಹೆಚ್ಚು ಸಮಾಧಾನ ಕೊಟ್ಟದ್ದು, ಇನ್ನು ಮುಂದೆ ಕೋಳಿ ನೋಡಿಕೊಳ್ಳಬೇಕಾಗಿಲ್ಲ ಎಂಬ ವಿಷಯ. ಕಾರ್ಕಳದ ಹತ್ತಿರದ ತವರುಮನೆಯಲ್ಲಿ ಇಪ್ಪತ್ತೈದು ಮೂವತ್ತು ಕೋಳಿಗಳಿದ್ದವು. ಏಳನೆಯ ವಯಸ್ಸಿನಿಂದ ಅವುಗಳನ್ನು ಸಂಜೆ ಗೂಡಿಗೆ ಅಟ್ಟುವುದು, ಕಾವಿಗೆ ಕೂತ ಹೇಂಟೆಯ ಕೆಳಗೆ ಮೊಟ್ಟೆ ಇಡುವುದು, ಗಿಡುಗ ಕಂಡರೆ ಬೊಬ್ಬೆ ಹಾಕುವುದು, ಬೆಳಗ್ಗೆ ಗೂಡು ಗುಡಿಸುವುದು ಎಲ್ಲವೂ ಅವಳ ಪಾಲಿನ ಕೆಲಸ. ತಂಗಿ ನಿಶಾಳಿಗೆ ಧೂಳು ಆಗುವುದಿಲ್ಲ ಎಂದು ಅಮ್ಮ ಅವಳನ್ನು ಗೂಡಿನ ಹತ್ತಿರ ಬಿಡುತ್ತಿರಲಿಲ್ಲ. ವಿನೋದಿನಿಗೆ ಧೂಳು ಆಗುತ್ತದೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ.

ದಹಿಸರ್‌ನಲ್ಲಿ ಅವರದು ನಾಲ್ಕು ಮಾಳಿಗೆಯ ಹಳೆಯ ಬಿಲ್ಡಿಂಗಿನ ನೆಲಮಹಡಿಯ ಮನೆ. ಹಿಂಬಾಗಿಲು ತೆರೆದರೆ ಕಾಂಪೌಂಡ್ ಗೋಡೆಯವರೆಗೆ ಹತ್ತಡಿ ಅಗಲದ ಒಂದು ಪಟ್ಟಿ ಜಾಗ. ಇಪ್ಪತ್ತೆರಡು ವರ್ಷ ಅವಳು ಅಲ್ಲಿ ಬಟ್ಟೆ ಒಣಗಿಸಿದಳು, ಬಸಳೆ ಚಪ್ಪರ ಹಾಕಿದಳು, ಮಧ್ಯಾಹ್ನ ಕುರ್ಚಿ ಹಾಕಿಕೊಂಡು ಕೂತಳು. ಮುಂಬಯಿಯಲ್ಲಿ ಅಷ್ಟು ಜಾಗ ಸಿಕ್ಕಿದ್ದೇ ಪುಣ್ಯ ಎಂದು ನೆಂಟರು ಹೊಟ್ಟೆಕಿಚ್ಚು ಪಡುತ್ತಿದ್ದರು.

ಗಂಡ ದೂಜ ಸಾಂತಾಕ್ರೂಜ್‌ನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಕುಡಿತವಿಲ್ಲ, ಇಸ್ಪೀಟಿಲ್ಲ. ಅವನಿಗಿದ್ದ ಒಂದೇ ಚಟ ಮೊಬೈಲಿನಲ್ಲಿ ವಿಡಿಯೋ ನೋಡುವುದು. ಲೋಕಲ್‌ನಲ್ಲಿ ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ. ನೋಡಿದ್ದನ್ನೆಲ್ಲ ಮನೆಯಲ್ಲಿ ಮಾಡಬೇಕು ಎನಿಸುವುದು ಆ ಚಟದ ಮುಂದಿನ ಭಾಗ. ಕುಕ್ಕರಿನಲ್ಲಿ ಸಾಬೂನು ಮಾಡಲು ಹೋಗಿ ಕುಕ್ಕರ್ ಹೋಗಿತ್ತು. ಬಕೆಟ್ಟಿನಲ್ಲಿ ಮೀನು ಸಾಕಲು ಹೋಗಿ ಮೀನು ಹೋಗಿತ್ತು.

ಎರಡು ವರ್ಷದ ಹಿಂದೆ ಮೇ ತಿಂಗಳ ಒಂದು ಭಾನುವಾರ ಅವನು ಒಂದು ಥರ್ಮಾಕೋಲ್ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ದೇವರ ಮೂರ್ತಿ ತಂದಂತೆ ಮೆಲ್ಲಗೆ ಒಳಗೆ ಬಂದ.

"ಎಂತ ಅದು?" ಎಂದಳು ವಿನೋದಿನಿ.

"ನೀನು ಮೊದಲು ಕೂಗುವುದಿಲ್ಲ ಅಂತ ಹೇಳು."

"ನಾನು ಈಗಲೇ ಕೂಗ್ತೇನೆ. ಎಂತ ಅದು?"

ಪೆಟ್ಟಿಗೆಯಲ್ಲಿ ಹದಿನಾಲ್ಕು ಮೊಟ್ಟೆಗಳಿದ್ದವು. ಹೋಟೆಲಿಗೆ ದಿನಾ ಬರುವ ಗಿರಾಕಿಯೊಬ್ಬರಿಗೆ ಪಾಲ್ಘರ್‌ನಲ್ಲಿ ತೋಟವಿತ್ತು, ತೋಟದಲ್ಲಿ ತರತರದ ಕೋಳಿಗಳಿದ್ದವು. ನಾಲ್ಕು ಕಡಕ್‌ನಾಥ್, ನಾಲ್ಕು ಗಿರಿರಾಜ, ಮೂರು ಲೆಗ್‌ಹಾರ್ನ್, ಮೂರು ಅಸೀಲ್. ಯಾವುದು ಯಾವುದೆಂದು ಮರೆಯದಂತೆ ದೂಜ ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲಿನಿಂದ ಅಕ್ಷರ ಬರೆದಿದ್ದ.

"ಕಾವಿಗೆ ಕೂರುವುದು ಯಾರು? ನೀವಾ?"

"ಈಗ ಹೇಂಟೆ ಬೇಡ ಮಾರಾಯ್ತಿ. ಬಲ್ಬ್ ಸಾಕು. ಇಪ್ಪತ್ತೊಂದು ದಿನ. ನಿನಗೆ ಎಂತ ಕೆಲಸವೂ ಇಲ್ಲ, ಸುಮ್ಮನೆ ಮೂರು ಹೊತ್ತು ಮೊಟ್ಟೆ ಮಗುಚುವುದು."

ಮಗಳು ಯಕ್ಷಿತಾ ಕಾಲೇಜಿನ ಎರಡನೇ ವರ್ಷದಲ್ಲಿದ್ದಳು. ಅವಳು ಪೆಟ್ಟಿಗೆಯೊಳಗೆ ಮೂಗು ತೂರಿಸಿ, "ಅಮ್ಮಾ, ಪ್ಲೀಸ್ ನಾ! ಬೇಬಿ ಚಿಕ್ಸ್! ನಾನು ಸಬ್ ಕುಛ್ ಮಾಡ್ತೇನೆ, ಪ್ರಾಮಿಸ್," ಎಂದಳು. ಅವಳ ಪ್ರಾಮಿಸ್ ನಾಲ್ಕು ದಿನ ನಡೆಯಿತು. ಐದನೇ ದಿನ ಪ್ರಾಜೆಕ್ಟ್ ಬಂತು.

ದೂಜ ಪೆಟ್ಟಿಗೆಗೆ ಬಲ್ಬ್ ಸಿಕ್ಕಿಸಿದ, ಥರ್ಮಾಮೀಟರ್ ಅಂಟಿಸಿದ, ಒಂದು ಬಟ್ಟಲು ನೀರಿಟ್ಟ, ಕೆಲಸಕ್ಕೆ ಹೊರಟುಹೋದ. ಮಧ್ಯಾಹ್ನ ಥರ್ಮಾಮೀಟರ್ ನಲವತ್ತೊಂದು ಡಿಗ್ರಿ ತೋರಿಸುತ್ತಿತ್ತು. ವಿನೋದಿನಿ ಬೈದುಕೊಳ್ಳುತ್ತಲೇ ಪೆಟ್ಟಿಗೆಗೆ ತೂತು ಕೊರೆದಳು, ಸಣ್ಣ ಬಲ್ಬ್ ಹಾಕಿದಳು, ಮೂವತ್ತೇಳೂವರೆಗೆ ಇಳಿಸಿದಳು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೊಟ್ಟೆ ಮಗುಚಿದಳು. ಏಳನೇ ದಿನ ಮೊಬೈಲಿನ ಟಾರ್ಚ್ ಹಿಡಿದು ಒಂದೊಂದೇ ನೋಡಿ, ಒಳಗೆ ನರ ಕಾಣದ ಎರಡನ್ನು ತೆಗೆದು ಹೊರಗಿಟ್ಟಳು.

"ತೆಗೆಯಬಾರದಿತ್ತು. ವಿಡಿಯೋದಲ್ಲಿ ಹತ್ತನೇ ದಿನ ಅಂತ ಹೇಳಿದ್ದಾರೆ," ಎಂದ ದೂಜ.

"ಹಾಗಾದರೆ ವಿಡಿಯೋದವರನ್ನೇ ಕರೆಸಿ ಮೊಟ್ಟೆ ಮಗುಚಿಸಿ."

ಹದಿನಾರನೇ ದಿನ ಬೆಳಗ್ಗೆ ಹತ್ತಕ್ಕೆ ಕರೆಂಟು ಹೋಯಿತು. ಕೇಬಲ್ ಕೆಲಸ, ಸಂಜೆಯವರೆಗೆ ಬರುವುದಿಲ್ಲ ಎಂದು ವಾಚ್‌ಮನ್ ಶಿವಪುತ್ರ ಬಂದು ಹೇಳಿದ. ವಿನೋದಿನಿಗೆ ಆ ದಿನ ಬೊರಿವಲಿಯಲ್ಲಿ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್ ಇತ್ತು. ದವಡೆ ಊದಿತ್ತು. ಮೊಟ್ಟೆಗಳು ಹಾಳಾದರೆ ಆಗಲಿ, ಪೀಡೆ ತೊಲಗಿತು ಎಂದುಕೊಂಡು ಸೀರೆಯನ್ನೂ ಉಟ್ಟಳು, ಚಪ್ಪಲಿಯನ್ನೂ ಹಾಕಿದಳು. ಬಾಗಿಲ ತನಕ ಹೋದವಳು ವಾಪಸು ಬಂದು ಚಪ್ಪಲಿ ಕಳಚಿ ಗ್ಯಾಸಿನ ಮೇಲೆ ನೀರಿಟ್ಟಳು. ಬಾಟಲಿಗಳಿಗೆ ಬಿಸಿನೀರು ತುಂಬಿ ಪೆಟ್ಟಿಗೆಯ ಸುತ್ತ ಇಟ್ಟು, ಮೇಲೆ ಕಂಬಳಿ ಹೊದಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸುತ್ತ ಸಂಜೆ ಆರರವರೆಗೆ ಕೂತಳು. ಗಂಡ ಫೋನ್ ಮಾಡಿ "ಮೊಟ್ಟೆ ಹೇಗುಂಟು?" ಎಂದ. "ಹಲ್ಲು ಹೇಗುಂಟು ಅಂತ ಕೇಳುವವರು ಯಾರೂ ಇಲ್ಲವಾ ಈ ಮನೆಯಲ್ಲಿ?" ಎಂದು ಕೇಳಿ ಫೋನಿಟ್ಟಳು.

ಇಪ್ಪತ್ತೊಂದನೇ ದಿನ ಒಂಬತ್ತು ಮರಿಗಳು ಹೊರಬಂದವು. ದೂಜ ರಜೆ ಹಾಕಿ ಪೆಟ್ಟಿಗೆಯ ಮುಂದೆ ಕೂತಿದ್ದ. ಚಿಪ್ಪು ಒಡೆಯಲು ತಿಣುಕುತ್ತಿದ್ದ ಮರಿಯೊಂದಕ್ಕೆ ಸಹಾಯ ಮಾಡಲು ಕೈ ಹಾಕಿದಾಗ ವಿನೋದಿನಿ ಅವನ ಮಣಿಕಟ್ಟಿಗೆ ಸೌಟಿನಿಂದ ಬಾರಿಸಿದಳು. "ಅದರಷ್ಟಕ್ಕೆ ಬರಲಿ. ಎಳೆದರೆ ರಕ್ತ ಬಂದು ಸಾಯ್ತದೆ." ಬಂದ ಮರಿಗಳಲ್ಲಿ ಒಂದರ ಕಾಲುಗಳು ಎರಡು ಕಡೆಗೆ ಜಾರಿ ಅದಕ್ಕೆ ನಿಲ್ಲಲಾಗುತ್ತಿರಲಿಲ್ಲ. ಅವಳು ಬ್ಯಾಂಡ್‌ಏಡ್ ಪಟ್ಟಿಯನ್ನು ಸೀಳಿ ಎರಡು ಕಾಲುಗಳ ನಡುವೆ ಬಿಗಿದು ಕೋಳ ತೊಡಿಸಿದಂತೆ ಮಾಡಿದಳು. ಮೂರು ದಿನದಲ್ಲಿ ಅದು ಓಡಾಡತೊಡಗಿತು. ದೂಜ ಅದರದ್ದೊಂದು ವಿಡಿಯೋ ಮಾಡಿ "ನಮ್ಮ ಪ್ರಯೋಗ ಸಕ್ಸಸ್" ಎಂದು ಹೋಟೆಲಿನ ಗ್ರೂಪಿಗೆ ಕಳಿಸಿದ.

ಬೇರೆ ಬೇರೆ ಜಾತಿಯ ಕೋಳಿಗಳನ್ನು ಒಟ್ಟಿಗೆ ಸಾಕುವುದೆಂದರೇನು ಎಂದು ಮೂರು ತಿಂಗಳಲ್ಲಿ ಗೊತ್ತಾಯಿತು. ಊರಿನ ಕೋಳಿಗಳೆಲ್ಲ ಒಂದೇ ಬುದ್ಧಿಯವು, ಒಂದನ್ನು ಅಟ್ಟಿದರೆ ಎಲ್ಲವೂ ಹೋಗುತ್ತಿದ್ದವು. ಇವು ಹಾಗಲ್ಲ. ಗಿರಿರಾಜದವು ಮೂರೂ ಎದ್ದ ಹೊತ್ತಿನಿಂದ ಮಲಗುವ ಹೊತ್ತಿನವರೆಗೆ ತಿನ್ನುತ್ತಿದ್ದವು. ಅಕ್ಕಿನುಚ್ಚು ಮುಗಿಸಿ ಬಸಳೆ ಮುಗಿಸಿ, ಒಣಗಲು ಹಾಕಿದ ಹಪ್ಪಳಕ್ಕೂ ಬಂದವು. ಅಸೀಲ್ ಹುಂಜ ತನ್ನ ನೆರಳನ್ನೂ ಸಹಿಸುತ್ತಿರಲಿಲ್ಲ. ಸ್ಟೀಲ್ ಬಕೆಟ್ಟಿನಲ್ಲಿ ಕಂಡ ತನ್ನದೇ ಮುಖದ ಜೊತೆ ಜಗಳವಾಡಿ ಕೊಕ್ಕು ಸೀಳಿಕೊಂಡಿತು. ಲೆಗ್‌ಹಾರ್ನ್‌ಗಳಿಗೆ ನೆಲದ ಮೇಲೆ ಇರುವುದು ಗೊತ್ತಿರಲಿಲ್ಲ. ದಿನ ಬಿಟ್ಟು ದಿನ ಶಿವಪುತ್ರ ಬಿಳಿ ಕೋಳಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿಗೆ ಬರುತ್ತಿದ್ದ.

"ಅಕ್ಕಾರ, ಇದು ಗೇಟ್ ದಾಟಿ ಸ್ಟೇಷನ್ ಕಡೆ ಹೊಂಟಿತ್ರೀ. ನಾ ವಾಚ್‌ಮನ್ ಕೆಲಸಕ್ಕ ಬಂದೀನೋ ಕೋಳಿ ಕಾಯಾಕ ಬಂದೀನೋ ತಿಳೀವಲ್ತು."

"ನನಗೂ ಅದೇ ತಿಳಿಯುವುದಿಲ್ಲ ಶಿವಪುತ್ರ."

ಕಡಕ್‌ನಾಥ್ ಜೋಡಿ ಮಾತ್ರ ಸಾಧು. ಆದರೆ ಕೊಕ್ಕಿನಿಂದ ಉಗುರಿನವರೆಗೆ ಕಪ್ಪಾಗಿದ್ದ ಆ ಎರಡನ್ನು ನೋಡಲು ಜನ ಬರತೊಡಗಿದರು. ಒಬ್ಬರು ಅದರ ಮೊಟ್ಟೆ ಸಂಧಿನೋವಿಗೆ ಒಳ್ಳೆಯದು ಎಂದರು, ಇನ್ನೊಬ್ಬರು ಅಮಾವಾಸ್ಯೆಗೆ ಒಂದು ಕೊಡುತ್ತೀರಾ ಎಂದರು. ಅವರ ಮುಖಕ್ಕೆ ಬಾಗಿಲು ಹಾಕಿದಳು.

ಐದನೇ ತಿಂಗಳಿಗೆ ಇನ್ನೊಂದು ಸಂಗತಿ ಖಚಿತವಾಯಿತು. ಒಂಬತ್ತರಲ್ಲಿ ಐದು ಹುಂಜಗಳು. ಒಂದು ಬೆಳಗ್ಗೆ ಐದು ಗಂಟೆಗೆ ಅಸೀಲ್ ಕೂಗಿತು. ಅದಕ್ಕೆ ಉತ್ತರವಾಗಿ ಗಿರಿರಾಜದವೆರಡು, ಆಮೇಲೆ ಕಪ್ಪಿನದು, ಕೊನೆಗೆ ಬಿಳಿಯದು. ಮುಕ್ಕಾಲು ಗಂಟೆ ನಡೆಯಿತು. ಎರಡನೇ ಮಾಳಿಗೆಯಲ್ಲಿ ದೀಪ ಹತ್ತಿತು, ಮೂರನೆಯದರಲ್ಲೂ ಹತ್ತಿತು. ದೂಜ ಮಗ್ಗುಲು ಬದಲಿಸಿ, "ಊರಿನಲ್ಲಿದ್ದ ಹಾಗೇ ಉಂಟಲ್ಲ," ಎಂದ.

"ಊರಿನಲ್ಲಿ ಮೇಲಿನ ಮನೆ ಅಂತ ಇರಲಿಲ್ಲ," ಎಂದಳು ವಿನೋದಿನಿ.

ವಾರದೊಳಗೆ ನೋಟಿಸ್ ಬಂತು. ಸೊಸೈಟಿಯ ಸೆಕ್ರೆಟರಿ ಎರಡನೇ ಮಾಳಿಗೆಯ ಮಾಧುರಿ. ಬೆಳಗಾವಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು, ಎಲ್ಲವನ್ನೂ ಬರವಣಿಗೆಯಲ್ಲೇ ಮಾಡುವವರು. ಭಾನುವಾರ ಹನ್ನೊಂದಕ್ಕೆ ಮೀಟಿಂಗ್, ವಿಷಯ ಒಂದೇ, ಕೋಳಿ.

ನೋಟಿಸ್ ಓದಿದಾಗ ವಿನೋದಿನಿಗೆ ಆದ ಸಂತೋಷವನ್ನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ. ಕೊನೆಗೂ ಯಾರೋ ಒಬ್ಬರು ಬೇಡ ಎಂದರಲ್ಲ! ಹೋಗಿ ತಲೆಯಾಡಿಸಿ, ಕ್ಷಮೆ ಕೇಳಿ, ಮರುದಿನವೇ ಒಂಬತ್ತನ್ನೂ ಪಾಲ್ಘರ್‌ಗೆ ಸಾಗಿಸುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದಳು. ದೂಜನಿಗೆ ಆ ಭಾನುವಾರ ಹೋಟೆಲಿನಲ್ಲಿ ಪಾರ್ಟಿ ಆರ್ಡರ್ ಇತ್ತು. ಅವಳೊಬ್ಬಳೇ ಹೋದಳು.

ಪಾರ್ಕಿಂಗ್ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಹದಿನೈದು ಜನ ಕೂತಿದ್ದರು. ಹುಂಜಗಳ ಕೂಗಿನ ಬಗ್ಗೆ ಹೇಳಿದಾಗ ವಿನೋದಿನಿ ಹೌದು ಎಂದಳು. ಲೆಗ್‌ಹಾರ್ನ್ ಒಬ್ಬರ ಸ್ಕೂಟರ್ ಸೀಟಿನ ಮೇಲೆ ಗಲೀಜು ಮಾಡಿದ್ದಕ್ಕೂ ಹೌದು ಎಂದಳು. ಎಲ್ಲ ಅವಳ ಲೆಕ್ಕಾಚಾರದಂತೆಯೇ ನಡೆದಿತ್ತು. ಆಗ ಮಾಧುರಿ ಕನ್ನಡಕ ಸರಿಮಾಡಿಕೊಂಡು, "ನೋಡ್ರಿ ವಿನೋದಿನಿ, ಬಿಲ್ಡಿಂಗ್‌ನಾಗ ಇಲಿ ಆಗ್ಯಾವ, ವಾಸ್ನಿ ಬರ್ತದ. ನಿಮ್ಮ ತಪ್ಪು ಅಂತ ಅಲ್ಲ. ಕೋಳಿ ಹೆಂಗ ಸಾಕೋದು ಅಂತ ಮಾಹಿತಿ ಇಲ್ಲದವರು ಸಾಕಿದ್ರ ಹಿಂಗೇ ಆಗೋದು," ಎಂದರು.

ವಿನೋದಿನಿ ಎದ್ದು ನಿಂತಳು.

"ಯಾರಿಗೆ ಮಾಹಿತಿ ಇಲ್ಲ?"

"ಹಂಗಲ್ರಿ, ನಾ ಅಂದದ್ದು..."

"ಏಳನೇ ವಯಸ್ಸಿನಿಂದ ಮದುವೆಯಾಗುವ ತನಕ ನಾನು ಕೋಳಿಗೂಡು ಗುಡಿಸಿದವಳು. ಈಗಲೂ ದಿನಕ್ಕೆ ಮೂರು ಸಲ ಗುಡಿಸ್ತೇನೆ, ಬೂದಿ ಹಾಕ್ತೇನೆ, ಸುಣ್ಣ ಹಾಕ್ತೇನೆ. ರೋಗದ ಲಸಿಕೆ ಒಂದೊಂದರ ಕಣ್ಣಿಗೆ ನಾನೇ ಬಿಟ್ಟದ್ದು. ಒಂಬತ್ತು ಹುಟ್ಟಿದವು, ಒಂಬತ್ತೂ ಬದುಕಿವೆ. ವಾಸನೆ ಬರ್ತದಾ? ಬನ್ನಿ. ಎಲ್ಲರೂ ಬನ್ನಿ. ಈಗಲೇ."

ಹದಿನೈದು ಜನ ಅವಳ ಹಿಂದೆ ಮನೆಯೊಳಗಿನಿಂದ ಹಿತ್ತಲಿಗೆ ಬಂದರು. ನೆಲ ತೊಳೆದ ಅಡುಗೆಮನೆಯಂತಿತ್ತು. ಮಾಧುರಿ ಗೂಡಿನ ಬಳಿ ಬಗ್ಗಿ ಮೂಸಿದರು, ಮತ್ತೊಮ್ಮೆ ಮೂಸಿ ನೆಟ್ಟಗೆ ನಿಂತರು. ವಿನೋದಿನಿ ಅಲ್ಲಿಗೆ ನಿಲ್ಲಿಸಲಿಲ್ಲ. ಎಲ್ಲರನ್ನೂ ಬಿಲ್ಡಿಂಗಿನ ಇನ್ನೊಂದು ಪಕ್ಕಕ್ಕೆ ಕರೆದುಕೊಂಡು ಹೋಗಿ, ಮುಚ್ಚಳ ಒಡೆದ ಗಟಾರವನ್ನೂ ಅದರ ಪಕ್ಕದಲ್ಲಿ ಯಾರೋ ಮಹಡಿಯಿಂದ ಎಸೆದ ಅನ್ನದ ಪ್ಲಾಸ್ಟಿಕ್ ಚೀಲಗಳನ್ನೂ ತೋರಿಸಿದಳು. "ಇಲಿ ಇಲ್ಲಿಂದ. ಇದನ್ನು ಎಸೆದದ್ದು ನನ್ನ ಕೋಳಿಯಲ್ಲ. ನನ್ನ ಕೋಳಿ ಅನ್ನ ಬಿಡುವುದಿಲ್ಲ."

ಮೂರನೇ ಮಾಳಿಗೆಯವರೊಬ್ಬರು ಬೇರೆ ಕಡೆ ನೋಡಿದರು.

ಮೀಟಿಂಗ್ ಮತ್ತೆ ಕೂತಿತು. ಅರ್ಧ ಗಂಟೆಯ ಮೇಲೆ ಮಾಧುರಿ ನಿರ್ಣಯ ಬರೆದರು. ಹುಂಜಗಳನ್ನು ಎಂಟು ದಿನದೊಳಗೆ ಸಾಗಿಸಬೇಕು. ಹೇಂಟೆಗಳು ನಾಲ್ಕು, ಅವಕ್ಕೆ ಒಪ್ಪಿಗೆ. ಗಟಾರದ ಮುಚ್ಚಳ ಸೊಸೈಟಿಯೇ ಹಾಕಿಸಬೇಕು. ಕೈ ಎತ್ತಿದವರೆಲ್ಲ ಅವಳ ಪರವಾಗಿಯೇ ಎತ್ತಿದರು. ಇಬ್ಬರು ಬಂದು ಕೈಯನ್ನೂ ಕುಲುಕಿದರು.

ಮನೆಗೆ ಬಂದು ನೀರು ಕುಡಿದು ಕುರ್ಚಿಯಲ್ಲಿ ಕೂತ ಮೇಲಷ್ಟೇ ತಾನು ಮಾಡಿಕೊಂಡದ್ದೇನು ಎಂದು ಅವಳಿಗೆ ಹೊಳೆದದ್ದು. ಯಕ್ಷಿತಾ ಓಡಿ ಬಂದು ತಬ್ಬಿಕೊಂಡು, "ಅಮ್ಮಾ, ಯೂ ಸೇವ್ಡ್ ದೆಮ್!" ಎಂದಳು. "ಸುಮ್ಮನಿರು," ಎಂದಳು ವಿನೋದಿನಿ. "ನನ್ನ ಬಾಯಿಗೆ ಬೆಂಕಿ ಬೀಳಲಿ."

ಹುಂಜಗಳನ್ನು ಪಾಲ್ಘರ್‌ಗೆ ಒಯ್ಯುವ ದಿನವೂ ದೂಜನಿಗೆ ರಜೆ ಸಿಗಲಿಲ್ಲ. ಎರಡು ಬುಟ್ಟಿಗಳಲ್ಲಿ ಐದನ್ನು ತುಂಬಿ, ಮೇಲೆ ಹಳೆಯ ಸೀರೆ ಬಿಗಿದು, ತಾಯಿ ಮಗಳು ಲೋಕಲ್‌ನ ಲಗೇಜ್ ಡಬ್ಬಿ ಹತ್ತಿದರು. ಖಾಲಿ ಬುಟ್ಟಿ ಇಟ್ಟುಕೊಂಡು ವಸಯಿಗೆ ಮರಳುತ್ತಿದ್ದ ಮೀನಿನ ಹೆಂಗಸರು ಜಾಗ ಬಿಟ್ಟರು. ಭಾಯಂದರ್ ದಾಟಿ ರೈಲು ಹಿನ್ನೀರಿನ ಖಾಡಿಯ ಸೇತುವೆಯ ಮೇಲೆ ಹೋಗುವಾಗ ಒಂದು ಹುಂಜ ಕೂಗಿತು. ಉಳಿದ ನಾಲ್ಕು ಅದಕ್ಕೆ ದನಿಗೂಡಿಸಿದವು. ಇಡೀ ಡಬ್ಬಿ ನಕ್ಕಿತು. ಮೀನಿನವಳೊಬ್ಬಳು ಮರಾಠಿಯಲ್ಲಿ, ಮಗಳ ಮದುವೆಗಾ ಎಂದು ಕೇಳಿದಳು. ಯಕ್ಷಿತಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ವಿನೋದಿನಿಗೂ ನಗು ಬಂದಿತ್ತು, ಆದರೆ ನಕ್ಕರೆ ಮಗಳು ಅಪ್ಪನಿಗೆ ಹೇಳುತ್ತಾಳೆಂದು ಕಿಟಕಿಯ ಹೊರಗೆ ನೋಡಿದಳು.

ದೂಜನಿಗೆ ಈಗ ಕೋಳಿಯ ಮೇಲೆ ಆಸಕ್ತಿಯಿಲ್ಲ. ಸ್ನಾನದ ಮನೆಯ ಮೇಲಿನ ಅಟ್ಟದಲ್ಲಿ ಅಣಬೆ ಬೆಳೆಸುತ್ತಿದ್ದಾನೆ. ಬಂದವರಿಗೆಲ್ಲ ವಿನೋದಿನಿ ಈಗಲೂ "ಅವರ ಕೋಳಿಗಳು" ಎಂದೇ ಹೇಳುತ್ತಾಳೆ.

ಮೊನ್ನೆ ಊರಿನಿಂದ ನಿಶಾ ಫೋನ್ ಮಾಡಿದ್ದಳು. ನಿಶಾಳ ಮಗಳ ಸೀಮಂತಕ್ಕೆ ಹೋಗಲು ವಿನೋದಿನಿಗೆ ರೈಲಿನ ಟಿಕೆಟ್ ಆಗಿತ್ತು.

"ಬರ್ಲಿಕ್ಕೆ ಆಗುವುದಿಲ್ಲ," ಎಂದಳು ವಿನೋದಿನಿ. "ಆ ಅಸೀಲ್ ಹೇಂಟೆ ಕಾವಿಗೆ ಕೂತಿದೆ. ಏಳುವುದಿಲ್ಲ, ಉಳಿದವಕ್ಕೆ ಮೊಟ್ಟೆಯಿಡಲು ಬಿಡುವುದಿಲ್ಲ, ತಣ್ಣೀರು ಹಾಕಿದರೂ ಕೇಳಲಿಲ್ಲ. ಕೊನೆಗೆ ಪಾಲ್ಘರ್‌ನಿಂದ ಎಂಟು ಮೊಟ್ಟೆ ತರಿಸಿ ಕೆಳಗೆ ಇಟ್ಟೆ. ಎಂತ ಮಾಡೂದು? ಇವತ್ತಿಗೆ ಹನ್ನೊಂದು ದಿನ."

"ಬಾವನವರು ಇಲ್ವಾ ನೋಡಿಕೊಳ್ಳಲು?"

"ಅವರಾ? ಅವರಿಗೆ ಹೇಂಟೆ ಯಾವುದು ಹುಂಜ ಯಾವುದು ಅಂತ ಗೊತ್ತುಂಟಾ?" ಎಂದಳು ವಿನೋದಿನಿ. ಹಿತ್ತಲಿನಲ್ಲಿ ಏನೋ ರೆಕ್ಕೆ ಬಡಿದ ಸದ್ದಾಗಿ, ಮಾತು ಮುಗಿಸದೆ ಫೋನಿಟ್ಟು ಎದ್ದುಹೋದಳು.