ಕಿಟಕಿಯಿಲ್ಲದ ಕ್ಯಾಬಿನ್ನಿನ ಮೂರನೆಯ ಹಾಸಿಗೆ

ನನ್ನ ತಮ್ಮನಿಗೆ ಸಮುದ್ರದ ಮೇಲೆ ಎಂದೂ ಪ್ರೀತಿ ಇರಲಿಲ್ಲ. ಅವನಿಗೆ ಪ್ರೀತಿ ಇದ್ದದ್ದು ಸಿಮೆಂಟಿನ ಮೇಲೆ. ಬೈಲಹೊಂಗಲದಲ್ಲಿ ಅವನು ಮನೆ ಕಟ್ಟಿಸಿಕೊಡುವ ಗುತ್ತಿಗೆದಾರ. ಈ ಕಡೆ ಕಿತ್ತೂರು, ಆ ಕಡೆ ಸವದತ್ತಿ, ಎಲ್ಲಿ ನೋಡಿದರೂ ಅವನದೊಂದು ಸ್ಲ್ಯಾಬು ಬಿದ್ದಿರುತ್ತದೆ. ಆ ವರ್ಷ ಒಂದು ಕಂಪನಿಯ ಸಿಮೆಂಟನ್ನು ಉಳಿದವರಿಗಿಂತ ಹೆಚ್ಚು ಸುರಿದನೆಂದು ಕಂಪನಿಯವರು ಅವನಿಗೂ ಅವನ ಹೆಂಡತಿಗೂ ಹಡಗಿನ ಪ್ರವಾಸವನ್ನು ಬಹುಮಾನವಾಗಿ ಕೊಟ್ಟರು. ಮುಂಬಯಿಯಿಂದ ಹೊರಟು, ಗೋವಾ, ಲಕ್ಷದ್ವೀಪ ಸುತ್ತಿಸಿ, ಮತ್ತೆ ಮುಂಬಯಿಗೆ ತಂದುಬಿಡುವ ದೊಡ್ಡ ಹಡಗು. ಗಂಡ ಹೆಂಡಿರಿಗೆ ಬಾಲ್ಕನಿ ಇರುವ ಕೋಣೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಅವರಿಗೆ ಹಾದಿಬುತ್ತಿ ಕಟ್ಟಿಕೊಟ್ಟು ನಗುನಗುತ್ತಲೇ ಕಳಿಸುತ್ತಿದ್ದೆ. ಆದರೆ ಅವ್ವ ತಾನೂ ಬರುತ್ತೇನೆಂದಳು. ಅವ್ವ ಬರುವುದಾದರೆ ತನ್ನ ತಾಯಿಯೂ ಬರಬೇಕೆಂದು ತಮ್ಮನ ಹೆಂಡತಿ ಹಟ ಹಿಡಿದಳು. ಆಕೆಯ ತವರು ರಾಮದುರ್ಗ. ನಮ್ಮ ಬೀಗತಿ ಅಲ್ಲಿಂದ ಮರುದಿನವೇ ಬಸ್ಸು ಹತ್ತಿ ಬಂದರು, ಹಡಗು ನಮ್ಮ ಮನೆಯ ಮುಂದೆಯೇ ನಿಂತಿದೆಯೇನೋ ಎಂಬಷ್ಟು ಅವಸರದಲ್ಲಿ. ಇಬ್ಬರು ಮುದುಕಿಯರು ಅಂದಮೇಲೆ ಅವರನ್ನು ಹಿಡಿದು ಏಳಿಸಲು, ಕೂಡಿಸಲು, ಬಾತ್‌ರೂಮಿಗೆ ಕರೆದೊಯ್ಯಲು ಒಬ್ಬಳು ಬೇಕಲ್ಲ? ಮದುವೆಯಾಗದೆ ಉಳಿದ ಅಕ್ಕ ಮನೆಯಲ್ಲಿ ಇದ್ದೇ ಇದ್ದಾಳೆ.

"ಅಕ್ಕಾ, ನಿನಗೂ ಸಮುದ್ರ ತೋರಸ್ತೇನಿ," ಎಂದ ತಮ್ಮ. ಸಮುದ್ರವನ್ನೂ ಅವನೇ ಕಟ್ಟಿಸಿದವನ ಹಾಗೆ ಹೇಳಿದ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ದಿನವೂ ದಿಕ್ಕು, ನಕಾಶೆ, ಅಕ್ಷಾಂಶ, ರೇಖಾಂಶ ಎಂದು ಒದರಿ ಗಂಟಲು ಕೆಡಿಸಿಕೊಂಡಿದ್ದೇನೆ. ಒಂದು ವರ್ಷದಿಂದ ನನ್ನ ಬಲಭುಜ ಹಿಡಿದುಕೊಂಡಿದೆ. ಕೈ ಹೆಗಲಿನಿಂದ ಮೇಲೆ ಏಳುವುದಿಲ್ಲ. ಕಪ್ಪುಹಲಗೆಯ ಕೆಳಗಿನ ಅರ್ಧದಲ್ಲಿ ಮಾತ್ರ ಬರೆಯುತ್ತೇನೆ. ಮಕ್ಕಳು ಅದನ್ನು ಎರಡೇ ದಿನಕ್ಕೆ ಗಮನಿಸಿ, ಹಿಂದಿನ ಬೆಂಚಿನವರು ಮುಂದೆ ಬಂದು ಕೂತರು. ಮನೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ನಮಗಾಗಿ ತಮ್ಮ ತನ್ನ ಖರ್ಚಿನಲ್ಲಿ ಹಿಡಿಯುವುದು ಒಳಗಿನ ಕ್ಯಾಬಿನ್ ಎಂದಾಯಿತು. ಅಂದರೆ ಹಡಗಿನ ಹೊಟ್ಟೆಯೊಳಗಿನ ಕೋಣೆ, ಕಿಟಕಿಯೇ ಇಲ್ಲದ್ದು. ಬೀಗತಿ ಸ್ವಲ್ಪ ಮುಖ ಗಂಟಿಕ್ಕಿದರು. ಅವ್ವ ಮಾತ್ರ ತಕ್ಷಣ ಒಪ್ಪಿದಳು. "ನಡುಮನ್ಯಾಗ ಕಿಟಕಿ ಇರತೈತೇನು? ಅಲ್ಲೇ ಹಡದು ಬಾಣಂತನ ಮಾಡಿಸ್ಕೊಂಡಿಲ್ಲೇನು?" ಎಂದಳು. ಕಿಟಕಿಯ ಬಗ್ಗೆ ನನಗೂ ತಕರಾರು ಇರಲಿಲ್ಲ. ಸಮುದ್ರ ನೋಡಬೇಕೆಂದರೆ ಮೇಲೆ ಹೋಗಿ ನಿಂತರಾಯಿತು. ನನಗೆ ಬೇಕಾದದ್ದು ಒಂದೇ: ನೆಲಮಟ್ಟದಲ್ಲಿ ನನ್ನದೆಂದು ಒಂದು ಹಾಸಿಗೆ. ಅವ್ವನ ಮಂಚದ ಪಕ್ಕ ಚಾಪೆ ಹಾಸಿಕೊಂಡು, ಅವಳು ಕೈ ಇಳಿಬಿಟ್ಟಾಗಲೆಲ್ಲ ಎದ್ದು ಕೂರುವ ನಿದ್ದೆ ನನಗೆ ಸಾಕಾಗಿ ಹೋಗಿತ್ತು.

ಬೆಳಗಾವಿಯ ಏಜೆಂಟ ಎರಡು ಕೋಣೆಗಳ ನಕ್ಷೆ ಕಳಿಸಿದ. ಮೊದಲನೆಯದು ಹಡಗಿನ ನಡುಭಾಗದಲ್ಲಿತ್ತು, ಲಿಫ್ಟಿನ ಹತ್ತಿರ. ಎರಡು ಹಾಸಿಗೆ ಮೂಲೆಗೆ ಮೂಲೆ ಕೂಡಿಸಿ ಹಾಕಿದ್ದು, ಎದುರಿನ ಗೋಡೆಗೆ ಬಿಡಿಸಿದರೆ ಹಾಸಿಗೆಯಾಗುವ ಸೋಫಾ. ಮೂರೂ ಕೆಳಗೇ. ಎರಡನೆಯದು ಹಡಗಿನ ಮೂತಿಯ ಕಡೆ. ಅದರಲ್ಲಿ ಎರಡು ಹಾಸಿಗೆ ಅಕ್ಕಪಕ್ಕ, ಮೂರನೆಯದು ಛಾವಣಿಯಿಂದ ಕೆಳಗೆ ಎಳೆದು ಬಿಡಿಸುವಂಥದ್ದು. ಹತ್ತಲು ಕಬ್ಬಿಣದ ಏಣಿ, ಆ ಏಣಿಯ ಬುಡ ಬಾತ್‌ರೂಮಿನ ಬಾಗಿಲಿಗೇ ಬರುತ್ತಿತ್ತು. ಇದರಲ್ಲಿ ಆರಿಸುವುದಕ್ಕೆ ಏನಿದೆ? ಕಣ್ಣು ಮುಚ್ಚಿಕೊಂಡು ಮೊದಲನೆಯದನ್ನು ಹಿಡಿಯಬೇಕು.

ಆದರೆ ನನ್ನ ತಮ್ಮ ವಾಸ್ತು ನೋಡದೆ ಕೋಳಿಗೂಡನ್ನೂ ಕಟ್ಟುವವನಲ್ಲ. ಏಜೆಂಟನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ಹಡಗ ಬಂದರದಾಗ ನಿಂತಾಗ ಅದರ ಮುಖ ಯಾವ ಕಡೆ ಇರತೈತ್ರಿ?"

"ಸಾಹೇಬ್ರ, ಅದು ಹಡಗರಿ. ತಿರಗತೈತ್ರಿ."

"ತಿರಗಲಿ ಬಿಡ್ರಿ. ನಿಂತಾಗ?"

"ಉತ್ತರಕ್ಕ ಅಂತ ಇಟ್ಕೋರಿ," ಎಂದ ಏಜೆಂಟ. ಪೀಡೆ ತೊಲಗಲಿ ಎಂದು ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ತಮ್ಮನಿಗೆ ಕೇಳಿಸಲಿಲ್ಲ.

ಅಲ್ಲಿಗೆ ಮೊದಲನೆಯ ಕೋಣೆಯ ಕತೆ ಮುಗಿಯಿತು. ಅದರಲ್ಲಿ ಒಂದು ಹಾಸಿಗೆಯ ತಲೆ ಉತ್ತರಕ್ಕೆ ಬರುತ್ತಿತ್ತು. ಉತ್ತರಕ್ಕೆ ತಲೆ ಹಾಕಿ ಮಲಗುವುದು ಹೆಣ ಮಾತ್ರ ಎಂದ ತಮ್ಮ. ದಿಂಬನ್ನು ಇನ್ನೊಂದು ತುದಿಗೆ ಇಟ್ಟರಾಯಿತಲ್ಲ ಎಂದೆ ನಾನು. ಹಾಗೆ ಮಾಡಿದರೆ ಬೀಗತಿಯ ಕಾಲು ಅವ್ವನ ತಲೆಯ ಕಡೆ ಬರುತ್ತದೆ. ಅವ್ವನನ್ನು ಆ ಹಾಸಿಗೆಯಲ್ಲಿ ಮಲಗಿಸಿದರೆ ಅವ್ವನ ಕಾಲು ಬೀಗತಿಯ ತಲೆಗೆ. ಇಬ್ಬರೂ ಮುದುಕಿಯರು ಇದನ್ನು ನಕ್ಷೆಯ ಮೇಲೆ ಬೆರಳಿಟ್ಟು ಲೆಕ್ಕ ಹಾಕಿ, ಒಬ್ಬರನ್ನೊಬ್ಬರು ನೋಡದೆ, ಬೇಡವೇ ಬೇಡ ಎಂದರು. ಅವರಿಬ್ಬರೂ ಒಂದೇ ಮಾತಿಗೆ ತಲೆಯಾಡಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಗೋವಾ ದಾಟಿ ಹಡಗ ಪಶ್ಚಿಮಕ್ಕ ಹೊಳ್ಳಿತು ಅಂದ್ರ ನಿನ್ನ ಉತ್ತರ ಎಲ್ಲಿ ಉಳೀತು?" ಎಂದು ಕೇಳಿದೆ.

"ಪಾಯಾ ಹಾಕಿದಾಗಿನ ದಿಕ್ಕ ಲೆಕ್ಕಕ್ಕ ಬರೂದು, ಅಕ್ಕಾ. ಭೂಮಿನೂ ತಿರಗತೈತಿ. ಹಂಗಂತ ವಾಸ್ತು ಬಿಟ್ಟೇವೇನು?"

ಸಾಲೆಯಲ್ಲಿ ಯಾವ ಹುಡುಗನಾದರೂ ಹೀಗೆ ಹೇಳಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ. ಇವನನ್ನು ಎಲ್ಲಿ ನಿಲ್ಲಿಸುವುದು?

ಮರುದಿನ ಸಂಜೆ ಅವನು ಮಾಳಿಗೆಯ ಮೇಲೆ ಎರಡನೆಯ ಕೋಣೆಯನ್ನು ಸುಣ್ಣದಲ್ಲಿ ಬಿಡಿಸಿದ. ಅದು ಅವನ ಕೆಲಸದ ರೀತಿ. ಗಿರಾಕಿಗೆ ಕಾಗದದ ನಕ್ಷೆ ತೋರಿಸಿದರೆ ತಿಳಿಯುವುದಿಲ್ಲವೆಂದು ಜಾಗದಲ್ಲೇ ಸುಣ್ಣದ ಪುಡಿಯಿಂದ ಗೋಡೆಗಳ ಗೆರೆ ಎಳೆದು, ಅಡುಗೆಮನೆ ಎಂದ ಕಡೆ ಮನೆಯ ಹೆಂಗಸನ್ನು ನಿಲ್ಲಿಸಿ, ರೊಟ್ಟಿ ಬಡಿಯುವ ಹಾಗೆ ಕೈ ಆಡಿಸಲು ಹೇಳುತ್ತಾನೆ. ಇದನ್ನು ಮಾತ್ರ ನಾನು ಮೆಚ್ಚುತ್ತೇನೆ. ಅವನು ಕಟ್ಟಿದ ಅಡುಗೆಮನೆಗಳಲ್ಲಿ ಯಾರ ಮೊಣಕೈಯೂ ಗೋಡೆಗೆ ತಾಗುವುದಿಲ್ಲ.

ಬಾಗಿಲು, ಬಾತ್‌ರೂಮು, ಕಪಾಟು, ಎರಡು ಹಾಸಿಗೆ, ಎಲ್ಲವೂ ಬಿಳಿ ಗೆರೆಯಲ್ಲಿ ಮೂಡಿದವು. ಅವ್ವ ಒಂದು ಚೌಕದಲ್ಲಿ ಚಾಪೆ ಹಾಸಿಸಿಕೊಂಡು ಮಲಗಿ, ಎದ್ದು, ಬಾತ್‌ರೂಮಿನವರೆಗೆ ನಡೆದು ನೋಡಿದಳು. ಬೀಗತಿ ಇನ್ನೊಂದು ಚೌಕದಲ್ಲಿ ಕಾಲು ಚಾಚಿ, ತಮಗೆ ಬಾಗಿಲ ಕಡೆಯ ಹಾಸಿಗೆ ಬೇಡ, ಹೋಗಿ ಬರುವವರ ಧೂಳು ಬಡಿಯುತ್ತದೆ ಎಂದರು. ಹಡಗಿನಲ್ಲಿ ಯಾವ ಧೂಳು ಎಂದು ಯಾರೂ ಕೇಳಲಿಲ್ಲ. ತಮ್ಮನ ಹೆಂಡತಿ ತಾಯಿಯ ತಲೆಯ ಕೆಳಗೆ ತನ್ನ ಸೆರಗನ್ನು ಮಡಿಸಿ ಇಟ್ಟಳು.

ನಾನು ಗೆರೆಯ ಹೊರಗೆ ನಿಂತಿದ್ದೆ.

"ನಂದ ಎಲ್ಲೈತಿ?"

"ನಿಂದ ಮ್ಯಾಲ ಅಲ್ಲ? ಮ್ಯಾಲಿಂದ ಹೆಂಗ ಗೆರಿ ಹಾಕ್ಲಿ?" ತಮ್ಮ ನಕ್ಕ. ಏಣಿಗೂ ಅವನು ಗೆರೆ ಹಾಕಿರಲಿಲ್ಲ.

"ನನ್ನ ಭುಜಾ ಏಳೂದಿಲ್ಲ. ಏಣಿ ಹತ್ತಾಕ ನನಗ ಆಗೂದಿಲ್ಲ. ಆ ಮದಲನೇ ಕ್ಯಾಬಿನ್ ಹಿಡಿ."

"ಯಾವ ಭುಜಾ? ಯಾವಾಗ ಏನಾತು? ನನಗ ಹೇಳೇ ಇಲ್ಲಲ್ಲ," ಎಂದಳು ಅವ್ವ, ಮಲಗಿದಲ್ಲಿಂದಲೇ.

"ಎಲ್ಲಾ ಕೂಡಿ ಬಂದಾಗ ಇದೊಂದ ತಗದ್ರೆಲ್ಲ ಅಕ್ಕಾರ," ಎಂದಳು ತಮ್ಮನ ಹೆಂಡತಿ. "ನಾಕ ದಿನದ ಮಾತು. ಹೆಂಗರ ಹೊಂದಿಸ್ಕೊಂಡ್ರ ಆತು."

ಹೊಂದಿಸಿಕೊಳ್ಳುವುದು. ಈ ಮನೆಯಲ್ಲಿ ಆ ಮಾತನ್ನು ಎಲ್ಲರೂ ಆಡುತ್ತಾರೆ, ಮಾಡುವವಳು ನಾನೊಬ್ಬಳೇ. ನನ್ನ ಮೈ ಉರಿಯಿತು. ಹಾಗಾದರೆ ನೀನೇ ಬಂದು ನಿನ್ನ ತಾಯಿಯ ಮೇಲೆ ಮಲಗು, ನಾನು ನಿನ್ನ ಬಾಲ್ಕನಿಗೆ ಹೋಗುತ್ತೇನೆ ಎಂದುಬಿಟ್ಟೆ. ಆಕೆ ಮುಖ ತಿರುವಿದಳು. ಬೀಗತಿ ಎದ್ದು ಕೂತು ಸೀರೆಯ ಸುಣ್ಣ ಕೊಡವಿಕೊಂಡರು.

ಆಗ ಅವ್ವ ಅಂದಳು: "ಯಾಕ ಜಗಳಾ? ಮ್ಯಾಲ ಬ್ಯಾಡಂದ್ರ ಕೆಳಗ ಮಲಗತಾಳ. ಈ ಎರಡೂ ಹಾಸಿಗಿ ನಡುವ ಜಾಗಾ ಐತಲ್ಲ, ಒಂದ ಚಾಪಿ ಒಯ್ದ್ರ ಆತು. ಆಕಿಗೇನು, ರೂಢಿ ಐತಿ."

ಎಲ್ಲರಿಗೂ ಸಮಾಧಾನವಾಯಿತು. ತಮ್ಮ ಟೇಪು ಹಿಡಿದು ಎರಡು ಹಾಸಿಗೆಗಳ ನಡುವಿನ ಸಂದು ಅಳೆಯಲಿಕ್ಕೆ ಬಗ್ಗಿದ. ಅವನು ಅಳೆಯುತ್ತಿದ್ದದ್ದು ನನ್ನ ಮೈಯನ್ನು. ನಾನು ಸುಣ್ಣದ ಗೆರೆಗಳನ್ನು ಚಪ್ಪಲಿಯಿಂದ ತುಳಿದುಕೊಂಡೇ ಕೆಳಗಿಳಿದು ಬಂದೆ. ನಾನು ಬರುವುದಿಲ್ಲ, ನನ್ನ ಹೆಸರಲ್ಲಿ ಟಿಕೆಟ್ ತೆಗೆಸಬೇಡಿ ಎಂದು ಪಾವಟಿಗೆಯಲ್ಲೇ ನಿಂತು ಕೂಗಿ ಹೇಳಿದೆ. ಪಕ್ಕದ ಮನೆಯವರಿಗೂ ಕೇಳಿರಬೇಕು. ಕೇಳಲಿ ಎಂದೇ ಕೂಗಿದ್ದು.

ಒಂದು ವಾರ ಯಾರೂ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ಊಟಕ್ಕೆ ಬಡಿಸಿದರೆ ಉಂಡರು, ಅಷ್ಟೇ. ಆಮೇಲೆ ತಮ್ಮ ಸಂಪಗಾಂವದಿಂದ ಒಬ್ಬ ಹೆಂಗಸನ್ನು ಕರೆಸಿದ. ವಯಸ್ಸಾದವರನ್ನು ಮನೆಗೆ ಬಂದು ನೋಡಿಕೊಳ್ಳುವ ಕೆಲಸ ಆಕೆಯದು. ಗಟ್ಟಿಮುಟ್ಟಾದ ಆಳು, ನನಗಿಂತ ಚಿಕ್ಕವಳು. ತಮ್ಮ ಆಕೆಗೆ ಹಡಗಿನ ವೈಭವವನ್ನೆಲ್ಲ ವರ್ಣಿಸಿ, ಕೊನೆಗೆ ಮೊಬೈಲಿನಲ್ಲಿ ಕ್ಯಾಬಿನ್ನಿನ ಚಿತ್ರ ತೋರಿಸಿದ.

ಆಕೆ ನೋಡಿದಳು. "ನಾ ಎಲ್ಲಿ ಮಲಗೂದ್ರಿ?"

"ಇಲ್ಲಿ ಮ್ಯಾಲ."

"ಮ್ಯಾಲ ಏರಾಕ ನನಗ ಆಗಂಗಿಲ್ರಿ."

ಅಷ್ಟೇ. ಕಾರಣ ಹೇಳಲಿಲ್ಲ, ದನಿ ಏರಿಸಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಯ್ದೆ. ಈಗ ತಮ್ಮ ಚಾಪೆಯ ಮಾತು ತೆಗೆಯುತ್ತಾನೆ, ರೂಢಿಯ ಮಾತು ತೆಗೆಯುತ್ತಾನೆ ಎಂದುಕೊಂಡೆ.

"ಹೌದ ಹೌದು, ಹೆಂಗ ಏರ್ತೀರಿ," ಎಂದ ತಮ್ಮ. "ಕೆಳಗ ಕೊಡಸ್ತೇನಿ ತಗೋರಿ."

ಆಕೆಯ ಎದುರಿಗೇ ಏಜೆಂಟನಿಗೆ ಫೋನ್ ಮಾಡಿ ಮೊದಲನೆಯ ಕೋಣೆ ಹಿಡಿದುಬಿಟ್ಟ. ಉತ್ತರಕ್ಕೆ ತಲೆ ಬರುವ ಹಾಸಿಗೆಯ ಬಗ್ಗೆ ಉಸಿರೆತ್ತಲಿಲ್ಲ. ಬೀಗತಿಯ ಕಾಲು, ಅವ್ವನ ತಲೆ, ಹಡಗಿನ ಪಾಯ, ಎಲ್ಲ ಎತ್ತ ಹೋದವೋ. ಅವ್ವ ಪಕ್ಕದಲ್ಲೇ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಕತ್ತರಿಸುತ್ತಲೇ ಇದ್ದಳು. ನನಗೆ ಆಗ ಆದ ಅವಮಾನ ಮಾಳಿಗೆಯ ಮೇಲೆ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಸಾಲೆಗೆ ಹೊರಡುವಾಗ ತಮ್ಮ ಅಂಗಳದಲ್ಲಿ ಅಡ್ಡ ನಿಂತ. "ಅಕ್ಕಾ, ಈಗ ಮೂರೂ ಕೆಳಗ ಅದಾವು. ಈಗರ ಬಾ. ಆಕಿಗೆ ಬ್ಯಾಡಂತ ಹೇಳಿಬಿಡತೇನಿ. ಹೊರಗಿನಾಕಿಗಿಂತ ನೀ ಇದ್ರ ಅವ್ವಗ ಚಲೋ."

ಇಷ್ಟು ಹೇಳಿ ದೊಡ್ಡ ಮನಸ್ಸು ಮಾಡಿದವನಂತೆ ನಿಂತ. ನನಗೆ ಹೋಗಬೇಕೆನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಸೋಫಾ, ಅದರ ಮೇಲಿನ ಬಿಳಿ ಹೊದಿಕೆ, ಪಕ್ಕದ ಪುಟ್ಟ ದೀಪ, ಎಲ್ಲವೂ ಕಣ್ಣಿಗೆ ಕಟ್ಟಿದ್ದವು. ಆದರೆ ಅದು ಆಕೆ ಬಾಯಿಬಿಟ್ಟು ಪಡೆದ ಹಾಸಿಗೆ. ಅದನ್ನು ಕಿತ್ತು ನನಗೆ ಕೊಡಲು ಬಂದಿದ್ದ. ಹಾದಿ ಬಿಡು, ಪ್ರಾರ್ಥನೆಯ ಗಂಟೆಯಾಗುತ್ತದೆ ಎಂದೆ.

ಅವರು ಹೋದರು. ಅಷ್ಟೂ ದಿನ ನಾನು ಮನೆಯಲ್ಲಿ ಒಬ್ಬಳೇ ಇದ್ದೆ. ಸುಖವಾಗಿದ್ದೆನೆಂದು ಬರೆದರೆ ಚೆನ್ನಾಗಿರುತ್ತದೆ. ಸಿಟ್ಟಿನಲ್ಲಿದ್ದೆ. ತಮ್ಮನ ಹೆಂಡತಿ ಕಳಿಸಿದ ಫೋಟೋಗಳನ್ನು ತೆರೆಯದೆ ಅಳಿಸಿದೆ, ಆಮೇಲೆ ಅಳಿಸಬಾರದಿತ್ತು ಅನ್ನಿಸಿ ಇನ್ನಷ್ಟು ಸಿಟ್ಟು ಬಂತು.

ತಿರುಗಿ ಬಂದ ದಿನ ಅವ್ವ ಕಾರಿನಿಂದ ಇಳಿದದ್ದು ಆ ಸಂಪಗಾಂವದ ಹೆಂಗಸಿನ ತೋಳು ಹಿಡಿದುಕೊಂಡು. ಬೀಗತಿಯನ್ನು ರಾಮದುರ್ಗಕ್ಕೆ ಬಿಡಲು ಕಾರು ಹಾಗೆಯೇ ಮುಂದೆ ಹೋಯಿತು. ಸಂಪಗಾಂವದ ಆಕೆ ಪಡಸಾಲೆಯಲ್ಲಿ ಕೂತು ನಾನು ಮಾಡಿಕೊಟ್ಟ ಚಹಾ ಕುಡಿಯುತ್ತಿದ್ದಳು. ಅವ್ವ ನನ್ನನ್ನು ಕೋಣೆಯೊಳಗೆ ಕರೆದಳು. ಹೇಗಿದ್ದೀ ಎಂದು ಕೇಳುತ್ತಾಳೆಂದು ನಾನು ಸ್ವಲ್ಪ ಮೆತ್ತಗಾಗಿಯೇ ಹೋದೆ.

"ಪಾಪ, ಆಕಿಗೆ ಭುಜಾ ಭಾಳ ನೋಯಾಕ ಹತ್ಯಾವಂತ," ಎಂದಳು ದನಿ ತಗ್ಗಿಸಿ. "ನನ್ನ ಹಿಡದು ಹಿಡದು ಹಂಗಾಗೇತಿ. ನೀ ಹೋದ ವರ್ಷದಿಂದ ನಿನ್ನ ಬಲಭುಜಕ್ಕ ಹಚ್ಕೋತೀಯಲ್ಲ, ಮುರಗೋಡದಿಂದ ತರಸ್ತೀಯಲ್ಲ ಎಣ್ಣಿ, ಅದನ್ನ ಆಕಿಗೆ ಕೊಡು."

ಬಲಭುಜ. ಹೋದ ವರ್ಷದಿಂದ. ಎಣ್ಣೆ ಬರುವ ಊರು ಕೂಡ.

"ತೀರೇತಿ," ಎಂದೆ.

ಶೀಸೆ ಕಿಟಕಿಯಲ್ಲೇ ಇತ್ತು, ಕತ್ತಿನವರೆಗೆ ತುಂಬಿತ್ತು. ಅವ್ವ ಅದನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಅದನ್ನು ಮರೆ ಮಾಡಲಿಲ್ಲ.