ಬದನೆಕಾಯಿ ಬಣ್ಣದ ತಾಂಬೂಲದ ಚೀಲ

ಮಾಯಸಂದ್ರದಲ್ಲಿ ಟೈಲರ್ ರಾಧಾಮಣಿಯ ಅಂಗಡಿ ಯಾವುದೆಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಹಳೇ ಸೀರೆಯಲ್ಲಿ ಚೀಲ ಹೊಲಿದು ಹೆಸರು ಮಾಡಿದವಳು. ಪ್ಲಾಸ್ಟಿಕ್ ಕವರಿಗೆ ದಂಡ ಅಂತ ಆದಮೇಲೆ ಬಟ್ಟೆ ಚೀಲ ಹೊಲಿದವರು ಬೇಕಾದಷ್ಟು ಜನ. ಇವಳು ಮಾತ್ರ ಸೆರಗು ಮುಂದೆ ಬರುವಂತೆ ಕತ್ತರಿಸಿ, ಅಂಚನ್ನೇ ಹಿಡಿಕೆ ಮಾಡಿ, ಒಳಗೆ ಲೈನಿಂಗ್ ಕೊಟ್ಟಳು. ಕಾಲೇಜು ಹುಡುಗಿಯರು ಹೆಗಲಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಆಮೇಲೆ ಮದುವೆಮನೆಯ ತಾಂಬೂಲಕ್ಕೂ ಅದೇ ಚೀಲ ಬೇಕೆಂದಾಯಿತು. ಕಾಯಿ, ಎಲೆಅಡಿಕೆ ಹಾಕಿ ಕೊಟ್ಟರೆ ಮುಂದೆ ವರ್ಷಗಟ್ಟಲೆ ಸಂತೆಗೂ ಆಗುತ್ತದೆ. ಒಳ್ಳೆಯದೇ ತಾನೇ? ಒಳ್ಳೆಯದೇ. ಅವಳ ಜೀವ ಹಿಂಡಿದ್ದೂ ಆ ಒಳ್ಳೆಯದೇ.

ರಾಧಾಮಣಿಗೆ ನಿರ್ಮಲಾ ಎಂಬ ತಂಗಿಯಿದ್ದಳು. ವೀಳ್ಯಶಾಸ್ತ್ರ ಮುಗಿದು ಮದುವೆಗೆ ದಿನ ಗೊತ್ತಾಗಿತ್ತು, ಅಷ್ಟರಲ್ಲಿ ಡೆಂಗಿ ಜ್ವರ ಬಂದು ಹೋಗಿಬಿಟ್ಟಳು. ಆ ಶಾಸ್ತ್ರಕ್ಕೆ ಉಟ್ಟಿದ್ದ ಬದನೆಕಾಯಿ ಬಣ್ಣದ ಸೀರೆಯನ್ನು ತಾಯಿ ಕೊಲ್ಲಾಪುರಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಳು. ಸಾಸಿವೆ ಬಣ್ಣದ ಅಂಚು, ಅಂಚಿನುದ್ದಕ್ಕೂ ಪುಟ್ಟ ಹಂಸಗಳು. ಹಿರಿಯರ ಹಬ್ಬದ ದಿನ ಎಡೆಯ ಮುಂದೆ ಆ ಸೀರೆ ಇರಲೇಬೇಕು. ತೀರಿಕೊಂಡವರು ತಮ್ಮ ಬಟ್ಟೆಯ ಗುರುತು ಹಿಡಿದು ಬಂದು ಉಣ್ಣುತ್ತಾರೆ ಎಂಬುದು ಮುದುಕಿಯ ನಂಬಿಕೆ. ಅದನ್ನು ಒಗೆಯುವಂತಿಲ್ಲ, ಮೈವಾಸನೆ ಹೊರಟುಹೋಗುತ್ತದೆ. ಬೇಸಿಗೆಯಲ್ಲಿ ಒಂದು ಸಲ ಬಿಸಿಲು ಕಾಣಿಸಿ ಒಳಗಿಡುವುದಷ್ಟೇ.

ಎಡವಟ್ಟಾಗಿದ್ದು ಅಲ್ಲೇ. ತುರುವೇಕೆರೆಯ ಗಿರಿಜಾಂಬಿಕಾ ಮೇಡಂ ಮಗಳ ಮದುವೆಗೆ ಚೀಲ ಹೇಳಿದ್ದರು. "ಪ್ಲಾಸ್ಟಿಕ್ ಅನ್ನೋದು ಒಂದೂ ಕಾಣ್ಬಾರ್ದು ಕಣಮ್ಮ, ಹಳೇ ಸೀರೇನೇ ಈಗ ಫ್ಯಾಷನ್ನು" ಎಂದಿದ್ದರು. ಮನೆಮನೆಯಿಂದ ತಂದ ಸೀರೆಗಳನ್ನು ರಾಧಾಮಣಿ ಒಗೆದು, ತೆಂಗಿನಮರಗಳ ನಡುವೆ ಕಟ್ಟಿದ್ದ ಹಗ್ಗಕ್ಕೆ ಹರವಿ ಅಂಗಡಿಗೆ ಹೋದಳು. ಕಣ್ಣಿಗೆ ಪೊರೆ ಬಂದಿದ್ದ ತಾಯಿ ಅದೇ ಹಗ್ಗದ ತುದಿಗೆ ನಿರ್ಮಲಾಳ ಸೀರೆಯನ್ನೂ ಹಾಕಿದಳು. ಹೊಲಿಗೆಗೆ ಜೊತೆಯಾಗಿದ್ದ ಲಕ್ಷ್ಮಕ್ಕನಿಗೆ ರಾಧಾಮಣಿಯೇ ಫೋನಿನಲ್ಲಿ ಹೇಳಿದ್ದಳು: "ಹಗ್ಗದ್ ಮ್ಯಾಲಿರೋದೆಲ್ಲ ಬಾಚ್ಕೊಂಡೋಗಿ ನಿಮ್ಮನೇಲೇ ಹೊಲಿ ಲಕ್ಷ್ಮಕ್ಕ, ಟೈಮಿಲ್ಲ." ಲಕ್ಷ್ಮಕ್ಕ ಬಾಚಿಕೊಂಡು ಹೋಗಿ, ಹೊಲಿದ ಚೀಲಗಳನ್ನು ನೇರ ಮದುವೆಮನೆಗೇ ಕಳಿಸಿದಳು. ಸೀರೆಯನ್ನು ಮಗಳು ಒಳಗಿಟ್ಟಿರುತ್ತಾಳೆ ಎಂದುಕೊಂಡು ತಾಯಿ ಸುಮ್ಮನಾದಳು.

ರಾಧಾಮಣಿಗೆ ಗೊತ್ತಾಗಿದ್ದು ಮದುವೆಮನೆಯಲ್ಲಿ. ಊಟ ಮುಗಿಸಿ ಹೊರಬರುತ್ತಿದ್ದಾಗ ಯಾರೋ ನಗುನಗುತ್ತ ಮುಂದಿನವಳ ಕೈಗೆ ತಾಂಬೂಲ ಕೊಟ್ಟರು. ಬದನೆಕಾಯಿ ಬಣ್ಣ, ಹಿಡಿಕೆಯ ಮೇಲೆ ಹಂಸ! ಅಯ್ಯೋ ಶಿವನೇ! ಸಾವರಿಸಿಕೊಳ್ಳುವಷ್ಟರಲ್ಲಿ ಆ ಹೆಂಗಸು ವ್ಯಾನು ಹತ್ತಿಯಾಗಿತ್ತು. ಒಂದು ಸೀರೆಗೆ ಹತ್ತು ಹನ್ನೆರಡು ಚೀಲ ಬರುತ್ತವೆ. ಎಲ್ಲವೂ ಆಗಲೇ ಯಾರ ಯಾರದೋ ಕೈ ಸೇರಿದ್ದವು.

ಮೇಡಂ ಹತ್ತಿರ ಬಾಯಿ ಬಿಡುವುದು ಹೇಗೆ? ಮದುವೆಯಾಗದೆ ಸತ್ತವಳ ಸೀರೆ ಶುಭಕಾರ್ಯದ ತಾಂಬೂಲಕ್ಕೆ ಹೋಗಿದೆ. ಮದುಮಗಳು ಆಮೇಲೆ ಬಸುರಿ ಬೇರೆ ಆದಳು. ನಾಳೆ ಅವಳಿಗೆ ಒಂದು ನೆಗಡಿಯಾದರೂ ನಿರ್ಮಲಾಳ ತಲೆಗೇ ಕಟ್ಟುತ್ತಾರೆ, ನನ್ನ ತಂಗಿಯನ್ನು ದೆವ್ವ ಮಾಡಿಬಿಡುತ್ತಾರೆ ಎಂದು ರಾಧಾಮಣಿ ಹೆದರಿದಳು. ಬಾಯಿಗೆ ಬೀಗ ಹಾಕಿಕೊಂಡಳು.

ಅಲ್ಲಿಂದ ಶುರುವಾಯಿತು ನೋಡಿ. ಮೊದಲೆಲ್ಲ ತಾನು ಹೊಲಿದ ಚೀಲ ಸಂತೆಯಲ್ಲಿ ಕಂಡರೆ ಹಿಗ್ಗುತ್ತಿದ್ದವಳು ಈಗ ಕಂಡ ಕಂಡವರ ಕೈ ನೋಡಿ ಬೆವರತೊಡಗಿದಳು. ತಿಪಟೂರಿನಲ್ಲಿ ಒಮ್ಮೆ ಜನರ ನಡುವೆ ಹಂಸದಂಚು ಕಾಣಿಸಿತು. ಓಡಿದಳು, ಸಿಗಲಿಲ್ಲ. ಯಾರದೋ ಸೊಂಟದ ಪಕ್ಕ ತೂಗಾಡುತ್ತ ಹೋದ ಆ ಚೀಲ ಥೇಟ್ ನಿರ್ಮಲಾಳ ನಡಿಗೆಯಂತೆ ಕಂಡು, ರಸ್ತೆಯಲ್ಲೇ ನಿಂತು ಅತ್ತಳು. ಮಿಷನ್ ತುಳಿಯುವಾಗ ಬೆನ್ನ ಹಿಂದೆ ಯಾರೋ ನಿಂತಂತಾಗುತ್ತಿತ್ತು. ಇತ್ತ ತಾಯಿ, "ಸೀರೆ ಜ್ವಾಪಾನ ಕಣೇ, ಹಬ್ಬ ಬತ್ತಾ ಐತೆ" ಎನ್ನುತ್ತಲೇ ಇದ್ದಳು.

ಹಬ್ಬದ ಹಿಂದಿನ ದಿನ ಬಸ್ಸಿನಲ್ಲಿ ಪಕ್ಕದಲ್ಲೇ ಬಂದು ಕೂತಳು, ಆ ಮದುವೆಗೆ ಬಂದಿದ್ದ ದಂಡಿನಶಿವರದ ಲಕ್ಷ್ಮಿದೇವಮ್ಮ ಎಂಬ ಹೆಂಗಸು. ಮಡಿಲಲ್ಲಿ ಅದೇ ಹಂಸದಂಚಿನ ಚೀಲ, ತುಂಬ ಸೊಪ್ಪು.

"ಅಕ್ಕ, ಎರಡು ಹೊಸ ಚೀಲ ಕೊಡ್ತೀನಿ, ಇದನ್ನ ಕೊಟ್ಬುಡಿ" ಎಂದಳು ರಾಧಾಮಣಿ.

"ಊಹೂಂ, ಇದೇ ಚೆಂದಾಗೈತೆ ಕಣವ್ವ. ನಮ್ಮ ಬೀದೀಲಿ ಎಲ್ರೂ ಕೇಳ್ತಾರೆ."

ರಾಧಾಮಣಿಗೆ ಬೇರೆ ದಾರಿ ಕಾಣಲಿಲ್ಲ. "ಸತ್ತೋದ ನನ್ ತಂಗಿ ಸೀರೆ ಅಕ್ಕ ಅದು" ಎಂದುಬಿಟ್ಟಳು.

ಲಕ್ಷ್ಮಿದೇವಮ್ಮ ಕೆಂಡ ಮುಟ್ಟಿದವಳಂತೆ ಚೀಲ ಕೊಡವಿದಳು. ಸೊಪ್ಪೆಲ್ಲ ಬಸ್ಸಿನ ತುಂಬ ಚೆಲ್ಲಿತು. "ನಿನ್ ಮನೆ ಹಾಳಾಗ! ಮದ್ವೆಮನೇಲಿ ಹಂಚೋದಾ ಇದನ್ನ?" ಎಂದು ಬೈಯುತ್ತ ಎದ್ದು ಬೇರೆ ಸೀಟಿಗೆ ಹೋದಳು. ರಾಧಾಮಣಿ ಚೀಲವನ್ನು ಎದೆಗವಚಿಕೊಂಡು ಮನೆಗೆ ಬಂದು, ಹೊಲಿಗೆ ಬಿಚ್ಚಿ ತುಂಡನ್ನು ಹರಡಿ ನೋಡಿದಳು. ಎಡೆಯ ಮುಂದೆ ಇಡಲು ಅಷ್ಟಾದರೂ ಸಿಕ್ಕಿತಲ್ಲ ಎನಿಸಿತು.

ಮರುದಿನ ಎಡೆಯ ಮುಂದೆ ಅದನ್ನು ಮಡಿಸಿಟ್ಟಳು. ಕೊಲ್ಲಾಪುರಮ್ಮ ಎಂದಿನಂತೆ ಅಂಚು ಸವರುತ್ತ ಹೋದಳು. ಎರಡು ಹಂಸ ದಾಟುವಷ್ಟರಲ್ಲಿ ಬಟ್ಟೆಯೇ ಮುಗಿಯಿತು.

"ಇಷ್ಟೇ ಏನೇ? ಮಿಕ್ಕಿದ್ದೆಲ್ಲಿ?"

ರಾಧಾಮಣಿ ಎಲ್ಲವನ್ನೂ ಹೇಳಿದಳು. ಹೊಡೆದರೆ ಹೊಡೆಯಲಿ ಎಂದು ತಲೆ ತಗ್ಗಿಸಿ ನಿಂತಳು. ಮುದುಕಿ ಬೈಯಲಿಲ್ಲ. ಬಡಿಸಿದ್ದ ಎಲೆಯನ್ನು ಎತ್ತಿ ಪಕ್ಕಕ್ಕಿಟ್ಟಳು.

"ತುಂಡು ಮೈಗೆ ಎಡೆ ಇಕ್ತಾರೇನೇ? ಮಗ್ಳು ಕಂಡೋರ ಮನೇಲಿ ಮೊಳೆಗೆ ನೇತಾಡ್ತಾ ಅವ್ಳೆ. ಹೋಗು, ಕರ್ಕೊಂಡ್ ಬಾ."

"ಚೀಲ ಯಾರ್ ಯಾರಿಗೆ ಹೋಯ್ತು ಅಂತ ಮೇಡಂನೇ ಕೇಳ್ಬೇಕು, ಎಲ್ಲಾ ಹೇಳ್ಬೇಕಾಯ್ತದೆ ಅವ್ವ. ಊರೆಲ್ಲ ಅವಳನ್ನ ದೆವ್ವ ಅಂತಾರೆ."

"ಅನ್ಲಿ ಬುಡು. ಉಪಾಸ ಇರೋಳು ನನ್ ಮಗ್ಳು."

ರಾಧಾಮಣಿ ಚಪ್ಪಲಿ ಮೆಟ್ಟಿ ತುರುವೇಕೆರೆಯ ಬಸ್ಸು ಹತ್ತಿದಳು. ಗಿರಿಜಾಂಬಿಕಾ ಮೇಡಂ ಬಾಗಿಲು ತೆಗೆದರು. ಹಿಂದೆ ಬಸುರಿ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಏನಮ್ಮ, ಹಬ್ಬದ ದಿನ ಬಂದ್ಬಿಟ್ಟೆ?" ಎಂದರು ಮೇಡಂ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ರಾಧಾಮಣಿಗೆ ಮರೆತುಹೋದವು.

"ನನ್ ತಂಗಿ ನಿಮ್ಮನೆ ಮದ್ವೆಗೆ ಬಂದಿದ್ಲು ಮೇಡಂ" ಎಂದಳು. "ಕರ್ಕೊಂಡೋಗಾಕೆ ಬಂದಿವ್ನಿ."